ಏಳನೇ ತೋಟಾ

1988ರಲ್ಲಿ ನಾನು ಚಿಕ್ಕೋಡಿಯಲ್ಲಿ ಪೊಲೀಸ್ ಆರ್ಮರರ್ ಆಗಿದ್ದೆ. ಈ ಹೆಸರು ಕೇಳಿದವರೆಲ್ಲ ನನ್ನನ್ನು ದೊಡ್ಡ ಗುರಿಕಾರ ಎಂದುಕೊಳ್ಳುತ್ತಿದ್ದರು. ಆರ್ಮರರ್ ಬಂದೂಕು ಹಾರಿಸುವವನಲ್ಲ, ಬಂದೂಕಿನ ಆರೋಗ್ಯ ನೋಡಿಕೊಳ್ಳುವವನು. ನಮ್ಮ ಆಸ್ಪತ್ರೆಯೆಂದರೆ ಹಳೆಯ ಕಟ್ಟಡವೊಂದರ ಹಿಂದಿನ ಎರಡು ಖೋಲಿ, ಒಂದು ಉದ್ದನೆಯ ಮರದ ಮೇಜು, ಎಣ್ಣೆ ಡಬ್ಬಿಗಳು ಮತ್ತು ದತ್ತು ಮಾಮಾ.

ದತ್ತೋಬಾ ಲೋಹಾರ ನಮ್ಮ ಹೆಡ್ ಆರ್ಮರರ್. ನಿಪ್ಪಾಣಿಯವರು, ಮನೆಯಲ್ಲಿ ಮರಾಠಿ, ನಮ್ಮೊಂದಿಗೆ ಕನ್ನಡ, ಗಾಬರಿಯಾದಾಗ ಮತ್ತೆ ಮರಾಠಿ. ಇಲಾಖೆಯ ಕಾಗದದಲ್ಲಿ ಏನೇ ಇರಲಿ, ಸಾಹೇಬರಿಂದ ಹಿಡಿದು ಚಹಾ ತರುವವರವರೆಗೆ ಎಲ್ಲರಿಗೂ ಅವರು ಮಾಮಾ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವರ ಕೈಕೆಳಗೆ ಸೇರಿದ ನನಗೆ ಅರ ಹಿಡಿಯುವುದನ್ನು, ಸ್ಪ್ರಿಂಗಿನ ಬಿಗುವನ್ನು ಹೆಬ್ಬೆರಳಲ್ಲಿ ಅಳೆಯುವುದನ್ನು ಕಲಿಸಿದವರು ಅವರೇ. ಐದು ವರ್ಷದಲ್ಲಿ ಒಮ್ಮೆಯೂ ಬೈದವರಲ್ಲ. ತಪ್ಪು ಮಾಡಿದರೆ "ಮತ್ತೊಮ್ಮೆ ಬಿಚ್ಚು ತಮ್ಮಾ" ಎಂದಷ್ಟೇ ಹೇಳಿ ತಂಬಾಕು ತಿಕ್ಕುತ್ತಾ ಕೂರುತ್ತಿದ್ದರು. ನನಗೆ ಅವರೆಂದರೆ ಬಹಳ ಪ್ರೀತಿ. ಮುಂದಿನ ಮೇ ತಿಂಗಳಿಗೆ ಅವರ ನಿವೃತ್ತಿ ಇತ್ತು.

ಆ ವರ್ಷ ಜೂನ್ ತಿಂಗಳಲ್ಲಿ ಒಂದು ವಿಷಯ ನನ್ನ ಗಮನಕ್ಕೆ ಬಂತು. ಮಾಮಾ ಕಿಟ್ಲಿಯಿಂದ ಚಹಾ ಬಗ್ಗಿಸುವಾಗ ಕಪ್ಪಿನ ಅಂಚಿನೊಳಗೆ ಬೆರಳು ಇಟ್ಟುಕೊಳ್ಳುತ್ತಿದ್ದರು. ಬಿಸಿ ತಾಗಿದಾಗ ಕಪ್ಪು ತುಂಬಿತೆಂದು ನಿಲ್ಲಿಸುತ್ತಿದ್ದರು. ಅವರ ಎಡಗಣ್ಣಿನ ಕಪ್ಪು ಭಾಗದ ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿತ್ತು. ನಮ್ಮ ಕಡೆ ಅದಕ್ಕೆ ಮೋತಿಬಿಂದು ಎನ್ನುತ್ತಾರೆ. ಮೇಲಿನವರಿಗೆ ತಿಳಿದರೆ ಅವರನ್ನು ವರ್ಕ್‌ಶಾಪಿನಿಂದ ತೆಗೆದು ಗೇಟಿನ ಬಳಿ ರಿಜಿಸ್ಟರ್ ಬರೆಯಲು ಕೂರಿಸುವುದು ಖಚಿತವಾಗಿತ್ತು. ಹುಟ್ಟಿದಾಗಿನಿಂದ ಕಬ್ಬಿಣ ಮುಟ್ಟಿದ ಮನುಷ್ಯ ಕೊನೆಯ ಹತ್ತು ತಿಂಗಳು ಸಲಾಮು ಹೊಡೆಯುತ್ತಾ ಕೂರುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

ಹಾಗಾಗಿ ನಾನೊಂದು ಉಪಾಯ ಮಾಡಿದೆ. ಮಾಮಾ ಮಧ್ಯಾಹ್ನ ಊಟಕ್ಕೆ ಹೋದಾಗ ಅವರು ಜೋಡಿಸಿಟ್ಟ ರೈಫಲ್ಲನ್ನು ಬಿಚ್ಚಿ, ಪರೀಕ್ಷಿಸಿ, ಮತ್ತೆ ಇದ್ದಂತೆಯೇ ಕೂಡಿಸಿಡುತ್ತಿದ್ದೆ. ನಾಲ್ಕು ತಿಂಗಳಲ್ಲಿ ನನಗೆ ಸಿಕ್ಕಿದ್ದು ಎರಡೇ ತಪ್ಪು, ಎರಡೂ ಸಡಿಲ ಸ್ಕ್ರೂ. ಅವರಿಗೂ ಹೇಳಲಿಲ್ಲ, ಸಾಹೇಬರಿಗೂ ಹೇಳಲಿಲ್ಲ. ದೊಡ್ಡ ಉಪಕಾರ ಮಾಡುತ್ತಿದ್ದೇನೆಂದು ಒಳಗೊಳಗೇ ಬೀಗುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಮಾಮಾ ಒಂದು ಪಾಯಿಂಟ್ ತ್ರೀ ನಾಟ್ ತ್ರೀ ರೈಫಲ್ ಜೋಡಿಸಿದರು. ಆಗಿನ ಪೊಲೀಸರ ಹೆಗಲಿನ ಮೇಲೆ ಇರುತ್ತಿದ್ದುದು ಇದೇ. ಗುಜರಿಗೆಂದು ತೆಗೆದಿಟ್ಟಿದ್ದ ಮೂರು ರೈಫಲ್ಲುಗಳಲ್ಲಿ ಒಂದರ ನಳಿಗೆ, ಇನ್ನೊಂದರ ಮರದ ಹಿಡಿ, ಮೂರನೆಯದರ ಮ್ಯಾಗಜಿನ್ ಚೆನ್ನಾಗಿದ್ದವು. ಮೇಲಿನ ಅನುಮತಿ ಪಡೆದು ಮೂರನ್ನೂ ಕೂಡಿಸಿ ಒಂದು ಮಾಡಿದರು. ಮೈದಾನಕ್ಕೆ ಒಯ್ದು ಹತ್ತು ತೋಟಾ ತುಂಬಿ ಹಾರಿಸಿದಾಗ ಒಂದೂ ತಡೆಯಲಿಲ್ಲ. ಅಭ್ಯಾಸದಂತೆ ಊಟದ ಹೊತ್ತಿಗೆ ನಾನೂ ಅದನ್ನು ಬಿಚ್ಚಿ ನೋಡಿದೆ. ಆದರೆ ಅವತ್ತು ಮಾಮಾ ಬೇಗ ಬಂದುಬಿಟ್ಟಿದ್ದರಿಂದ ಮ್ಯಾಗಜಿನ್ ಒಂದು ನೋಡುವುದು ಉಳಿಯಿತು. ಮರುದಿನ ರೈಫಲ್ ರಾಯಬಾಗ ಕಡೆಯ ಒಂದು ಕಾವಲು ಠಾಣೆಗೆ ಹೋಯಿತು.

ದಸರೆ ಮುಗಿದ ಮರು ವಾರ ಅಲ್ಲಿಂದ ದೂರು ಬಂತು: "ಹೊಸದಾಗಿ ಜೋಡಿಸಿದ ರೈಫಲ್ ಆರು ತೋಟಾ ಸರಿಯಾಗಿ ತೆಗೆದುಕೊಳ್ಳುತ್ತದೆ. ಏಳನೆಯದು ಸಿಕ್ಕಿಕೊಳ್ಳುತ್ತದೆ."

ಇದನ್ನು ನಮ್ಮ ಭಾಷೆಯಲ್ಲಿ ಫೀಡಿಂಗ್ ದೋಷ ಎನ್ನುತ್ತೇವೆ. ಮ್ಯಾಗಜಿನ್ ಎಂದರೆ ತೋಟಾ ತುಂಬುವ ತಗಡಿನ ಡಬ್ಬಿ. ಅದರ ತಳದಲ್ಲಿ ಸ್ಪ್ರಿಂಗ್, ಸ್ಪ್ರಿಂಗಿನ ಮೇಲೆ ಪ್ಲಾಟ್‌ಫಾರ್ಮ್ ಎಂಬ ಪುಟ್ಟ ಮಣೆ, ಮಣೆಯ ಮೇಲೆ ತೋಟಾಗಳು. ಸ್ಪ್ರಿಂಗ್ ಅವನ್ನು ಮೇಲಕ್ಕೆ ಒತ್ತುತ್ತಿರುತ್ತದೆ. ಡಬ್ಬಿಯ ಬಾಯಿಯಲ್ಲಿ ಒಳಕ್ಕೆ ಬಾಗಿದ ಎರಡು ಅಂಚುಗಳಿವೆ. ಅವನ್ನು ತುಟಿಗಳೆನ್ನುತ್ತೇವೆ. ಅವು ತೋಟಾವನ್ನು ತಡೆದು ಹಿಡಿಯುತ್ತವೆ; ಬೋಲ್ಟ್ ಎಂಬ ಹಿಡಿಕೆಯಿರುವ ಸರಳು ಮುಂದಕ್ಕೆ ಹೋಗುವಾಗ ಒಂದೊಂದನ್ನೇ ನಳಿಗೆಗೆ ದೂಡುತ್ತದೆ. ಇದರಲ್ಲಿ ಒಂದು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ತೋಟಾ ಮೂತಿ ತಗ್ಗಿಸಿ ಅಡ್ಡ ನಿಲ್ಲುತ್ತದೆ. ಕೈಯಲ್ಲಿ ಬಂದೂಕಿದ್ದೂ ಕಾವಲುಗಾರ ಬರಿಗೈಯವನಾಗುತ್ತಾನೆ.

ಸಾಹೇಬರು ನನ್ನನ್ನು ಒಬ್ಬನನ್ನೇ ಕರೆದರು. "ದತ್ತೋಬಾನ ಕಣ್ಣಿನ ಬಗ್ಗೆ ಏನೋ ಮಾತು ಕಿವಿಗೆ ಬಿದ್ದಿದೆ. ನೀನು ಹೋಗಿ ನೋಡಿ ಬಾ. ಜೋಡಣೆಯ ತಪ್ಪಾಗಿದ್ದರೆ ಹಾಗೇ ಬರೆದು ಕೊಡು" ಎಂದರು. ಮಾಮಾನ ಉಳಿದ ತಿಂಗಳುಗಳು ನನ್ನ ಪೆನ್ನಿನ ತುದಿಗೆ ಬಂದು ಕೂತವು.

ನಾನು ದಾರಿಯ ಚೀಲ ಹಾಕಿಕೊಳ್ಳುವಾಗ ಮಾಮಾ ಬಂದು ಪಕ್ಕದಲ್ಲಿ ನಿಂತರು. ತಲೆಗೆ ಟೋಪಿ ಇಟ್ಟು ತಯಾರಾಗಿದ್ದರು.

"ಜೋಡಿಸಿದಾಂವ ನಾನು. ನಾನೂ ಬರ್ತೀನಿ, ನಡಿ" ಎಂದರು.

ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತು ನಿದ್ದೆಹೋದರು. ನಾನು ಮಾತ್ರ ಒಂದು ಲೆಕ್ಕಾಚಾರದಲ್ಲಿದ್ದೆ. ಮಾಮಾ ನೋಡುವ ಮೊದಲೇ ತಪ್ಪು ಹುಡುಕಬೇಕು, ಸರಿ ಮಾಡಬೇಕು, ತೋಟಾ ಹಳೆಯದಾಗಿತ್ತೆಂದು ಬರೆದು ಮುಗಿಸಬೇಕು. ತಪ್ಪು ಮಾಮಾನದೇ ಎಂಬ ವಿಷಯದಲ್ಲಿ ನನಗೆ ಸಂದೇಹವೇ ಇರಲಿಲ್ಲ.

ಠಾಣೆಯಲ್ಲಿ ನಾಲ್ವರು ಕಾವಲಿನವರಿದ್ದರು. ಆ ರೈಫಲ್ ಸಿದ್ದಪ್ಪನ ಹೆಸರಿನಲ್ಲಿತ್ತು. ಮೂವತ್ತರ ಆಸುಪಾಸಿನ ಕಾನ್‌ಸ್ಟೇಬಲ್. ಕುರಿ ಕಾಯುವ ಮನೆತನದವನು, ಮಾತು ಕಡಿಮೆ. ಮಾಮಾನಿಗೆ ಹೊರಗಿನ ಕಟ್ಟೆಯ ಮೇಲೆ ಚಹಾ ಕೊಡಿಸಿ ಕೂರಿಸಿ, ನಾನು ಒಳಗೆ ಕೆಲಸ ಶುರುಮಾಡಿದೆ.

ನಾನು ಒಯ್ದಿದ್ದ ಡ್ರಿಲ್ ರೌಂಡ್, ಅಂದರೆ ಮದ್ದಿಲ್ಲದ ಡಮ್ಮಿ ತೋಟಾಗಳನ್ನು ತುಂಬಿದೆ. ಆರು ಸಲೀಸಾಗಿ ಹೋದವು, ಏಳನೆಯದು ಮೂತಿ ತಗ್ಗಿಸಿತು. ಅಂದರೆ ತೋಟಾದ ದೋಷವಲ್ಲ. ಈ ತೋಟಾಗಳ ಬುಡದಲ್ಲಿ ಒಂದು ಬಿಲ್ಲೆಯ ಅಂಚು ಇರುತ್ತದೆ. ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಹಿಂದೆ ಬಿದ್ದರೆ ಸಿಕ್ಕಿಕೊಳ್ಳುತ್ತವೆ. ಒಂದೊಂದಾಗಿ ಜೋಡಿಸಿ ತುಂಬಿದರೂ ಏಳನೆಯದೇ ನಿಂತಿತು. ಕೊನೆಗೆ ಮತ್ತೊಂದು ರೈಫಲ್ಲಿನ ಮ್ಯಾಗಜಿನ್ ಹಾಕಿದೆ. ಹತ್ತೂ ಹೋದವು. ದೋಷ ಮ್ಯಾಗಜಿನ್ನಿನದೇ, ನಾನು ಬಿಚ್ಚಿ ನೋಡದೆ ಬಿಟ್ಟಿದ್ದ ಅದೊಂದರದೇ.

ಬೆಳಕಿಗೆ ಹಿಡಿದು ನೋಡಿದರೆ ಬಲಗಡೆಯ ತುಟಿ ಎಡಗಡೆಯದಕ್ಕಿಂತ ಕೊಂಚ ಹೆಚ್ಚು ಬಾಗಿದಂತೆ ಕಂಡಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನನ್ನ ತಲೆಯಲ್ಲಿ ಆಗಲೇ ತೀರ್ಪು ಬರೆದಾಗಿತ್ತು. ಕಣ್ಣು ಮಂಜಾದವರು ತುಟಿ ಹೊಂದಿಸಿದರೆ ಹೀಗೇ ಆಗುವುದು ಎಂದುಕೊಂಡು ತುಟಿ ಬಗ್ಗಿಸಲು ಚೀಲದಿಂದ ಪಕ್ಕಡ, ಅಂದರೆ ಇಕ್ಕಳ ತೆಗೆದೆ.

"ಥಾಂಬ್, ತಮ್ಮಾ."

ನಿಲ್ಲು ಎಂದು ಮರಾಠಿಯಲ್ಲಿ ತಡೆದ ಮಾಮಾ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಪಕ್ಕಡದ ಸದ್ದು ಕೇಳಿ ಬಂದಿರಬೇಕು.

"ಪಕ್ಕಡ ಕೆಳಗಿಡು. ಇಲ್ಲಿ ಕೊಡು ಅದನ್ನ" ಎಂದರು.

ಮ್ಯಾಗಜಿನ್ ತೆಗೆದುಕೊಂಡು ನೆಲದ ಮೇಲೆ ಕೂತರು. ಹೆಬ್ಬೆರಳಿನಿಂದ ಪ್ಲಾಟ್‌ಫಾರ್ಮನ್ನು ಒತ್ತಿ ಬಿಟ್ಟರು, ಮತ್ತೆ ಒತ್ತಿ ಬಿಟ್ಟರು. ಕಣ್ಣು ಮುಚ್ಚಿಕೊಂಡಿದ್ದರು. ಬಳಿಕ ಡಬ್ಬಿಯನ್ನು ಮೂಗಿಗೆ ಹಿಡಿದು ಮೂಸಿದರು.

"ನಮ್ಮ ಮೈದಾನದಾಗ ಹತ್ತೂ ಹಾರಿದ್ವು. ಇಲ್ಲಿ ಬಂದು ಆರಕ್ಕ ನಿಂತಾವ. ಹಂಗಾದ್ರ ನಡುವ ಏನಾತು ಅಂತ ಮೊದಲ ಕೇಳಬೇಕಲ್ಲೋ?" ಎಂದು ನನಗೆ ಹೇಳಿ, ಸಿದ್ದಪ್ಪನ ಕಡೆ ತಿರುಗಿದರು. "ಬಾ ಅಪ್ಪಾ, ಕೂಡು. ದಸರಾಕ್ಕ ಬಂದೂಕಿಗೆ ಪೂಜಿ ಜೋರ ಮಾಡಿದ್ರೇನು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ಸಿದ್ದಪ್ಪನ ಕೈ ಸುಮ್ಮನೆ ಜೇಬಿನ ಕಡೆ ಹೋಯಿತು. ಮಾಮಾ ಒತ್ತಾಯ ಮಾಡಲಿಲ್ಲ. ತಮ್ಮ ತಂಬಾಕಿನ ಡಬ್ಬಿ ತೆಗೆದು ಅವನ ಮುಂದೆ ಹಿಡಿದರು. ಒಂದು ಚಿಟಿಕೆ ತೆಗೆದುಕೊಂಡು ಅವನೇ ಬಾಯಿಬಿಟ್ಟ.

"ತಪ್ಪಾತ್ರಿ ಮಾಮಾ. ಮೂರು ಸತ್ತ ಬಂದೂಕು ಕೂಡ್ಸಿ ಇದನ್ನ ಮಾಡ್ಯಾರ ಅಂತ ಇಲ್ಲಿ ಮಂದಿ ಹೇಳಿದ್ರು. ಅವು ಯಾರ್‍ಯಾರ ಕೈಯಾಗ ಇದ್ವೋ, ಏನೇನ್ ಮಾಡಿದ್ವೋ. ಹೆಗಲಿಗೆ ಹಾಕ್ಕೊಂಡು ನಿಂತ್ರ ಎದಿ ಡವಡವ ಅಂತಿತ್ತರಿ. ನಮ್ಮವ್ವ ಮಾಯಕ್ಕನ ಭಂಡಾರ ಕೊಟ್ಟಿದ್ಲು. ಮ್ಯಾಲ ಹಚ್ಚಿದ್ರ ಸಾಹೇಬ್ರು ಬೈತಾರ. ಅದಕ್ಕ ಒಳಗ ಹಾಕಿದೆ."

ಮಾಯಕ್ಕನ ಭಂಡಾರವೆಂದರೆ ದೇವಿಯ ಅರಿಸಿನ ಪುಡಿ. ಮಾಮಾ ಪ್ಲಾಟ್‌ಫಾರ್ಮಿನ ಒಂದು ತುದಿ ತಗ್ಗಿಸಿ ಸ್ಪ್ರಿಂಗ್ ಸಮೇತ ಹೊರಗೆಳೆದರು. ಆ ಪುಡಿ ಬಂದೂಕಿನ ಎಣ್ಣೆಯಲ್ಲಿ ನೆನೆದು, ಹಿಟ್ಟಿನ ಕಣಕದಂತಾಗಿ ಡಬ್ಬಿಯ ಮುಂದಿನ ಗೋಡೆಗೆ ಮೆತ್ತಿಕೊಂಡಿತ್ತು. ಅದರಲ್ಲಿ ನಾಲ್ಕು ಬನ್ನಿ ಎಲೆಗಳೂ ಇದ್ದವು. ಮ್ಯಾಗಜಿನ್ ತುಂಬಿದ್ದಾಗ ಸ್ಪ್ರಿಂಗ್ ಪೂರ್ತಿ ಅಮುಕಿಕೊಂಡು ಬಲವಾಗಿ ಒತ್ತುತ್ತದೆ, ಆಗ ಅಂಟು ಲೆಕ್ಕಕ್ಕೆ ಬರುವುದಿಲ್ಲ. ಆರು ತೋಟಾ ಖಾಲಿಯಾಗಿ ಬಲ ಇಳಿದ ಮೇಲೆ ಮಣೆಯ ಮುಂಭಾಗ ಅಂಟಿನಲ್ಲಿ ಹಿಡಿದುಕೊಳ್ಳುತ್ತಿತ್ತು. ಏಳನೆಯದರ ಮೂತಿ ತಗ್ಗುತ್ತಿದ್ದುದು ಅದಕ್ಕೆ. ತುಟಿ ಹುಟ್ಟಿನಿಂದಲೇ ಹಾಗಿತ್ತು, ಅದರಿಂದ ಏನೂ ತೊಂದರೆಯಿರಲಿಲ್ಲ. ನಾನು ಪಕ್ಕಡ ಹಾಕಿದ್ದರೆ ಒಳ್ಳೆಯ ಮ್ಯಾಗಜಿನ್ ಒಂದು ಹಾಳಾಗುತ್ತಿತ್ತು.

"ಮಾಯಕ್ಕನ್ನ ಸ್ಪ್ರಿಂಗಿನ್ಯಾಗ ಕೂಡ್ಸಿದ್ರ ಆಕಿಗೂ ತ್ರಾಸ, ನಿನಗೂ ತ್ರಾಸ" ಎಂದರು ಮಾಮಾ. ಸಿದ್ದಪ್ಪನ ಮುಖದಲ್ಲಿ ಸಣ್ಣ ನಗೆ ಬಂತು. ಮಾಮಾ ಎಲೆಗಳನ್ನು ಜೋಪಾನವಾಗಿ ಬಿಡಿಸಿ, ಒರೆಸಿ ಅವನ ಅಂಗೈಗೆ ಹಾಕಿದರು. "ಭಂಡಾರ ಹಣಿಗೆ ಹಚ್ಚಿಗೋ. ಬಂದೂಕಿಗೆ ಎಣ್ಣಿ ಸಾಕು. ಇದು ಸತ್ತ ಬಂದೂಕಲ್ಲೋ ಮಗಾ. ಮೂರರಾಗ ಚಲೋ ಇದ್ದದ್ದನ್ನ ಆರಿಸಿ ನಾನ ಕೂಡ್ಸೀನಿ. ಒಂದೊಂದೂ ಕೈಲೆ ಮುಟ್ಟಿ ನೋಡೀನಿ. ನನ್ನ ಕೈಮ್ಯಾಲ ನಂಬಿಗಿ ಇಡು."

ನಾನು ಪಕ್ಕಡವನ್ನು ಚೀಲಕ್ಕೆ ಹಾಕಿಕೊಂಡೆ. ಆ ಕೊನೆಯ ಮಾತನ್ನು ಅವರು ಹೇಳಿದ್ದು ಸಿದ್ದಪ್ಪನಿಗೆ. ತಾಗಿದ್ದು ನನಗೆ.

ಮ್ಯಾಗಜಿನ್ ತೊಳೆದು, ಒಣಗಿಸಿ, ತೆಳುವಾಗಿ ಎಣ್ಣೆ ಸವರಿ, ಸಿದ್ದಪ್ಪನ ಕೈಯಿಂದಲೇ ಹತ್ತು ಡ್ರಿಲ್ ರೌಂಡ್ ತುಂಬಿಸಿದರು. ಅವನು ಬೋಲ್ಟ್ ಎಳೆದು ಬಿಟ್ಟು ಮಾಡುತ್ತಾ ಬಾಯಲ್ಲಿ ಎಣಿಸುತ್ತಿದ್ದ. ಏಳು ಎಂದಾಗ ಅವನ ಧ್ವನಿ ಸ್ವಲ್ಪ ತಡೆಯಿತು, ತೋಟಾ ತಡೆಯಲಿಲ್ಲ. ಹತ್ತೂ ಹೊರಗೆ ಬಿದ್ದವು. ಇನ್ನೆರಡು ಸಲ ಮಾಡಿಸಿದರು. ಮೂವತ್ತಕ್ಕೆ ಮೂವತ್ತೂ ಸರಿಹೋದವು.

ವರದಿ ಬರೆಯಲು ಕೂತಾಗ ಮಾಮಾ ಹೇಳಿ ಬರೆಸಿದರು: ಮ್ಯಾಗಜಿನ್ನಿನ ಒಳಗೆ ಪುಡಿ ಮತ್ತು ಎಣ್ಣೆ ಗಟ್ಟಿಯಾಗಿತ್ತು, ಶುಚಿ ಮಾಡಲಾಯಿತು, ಜೋಡಣೆಯಲ್ಲಿ ದೋಷವಿಲ್ಲ, ಒಳಭಾಗ ಶುಚಿ ಮಾಡುವುದನ್ನು ಠಾಣೆಯ ಎಲ್ಲರಿಗೂ ಕಲಿಸಲಾಯಿತು. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಸಿದ್ದಪ್ಪನ ಹೆಸರು ಮಾತ್ರ ಇರಲಿಲ್ಲ. ಆಮೇಲೆ ನಾಲ್ವರನ್ನೂ ಕೂರಿಸಿ ಒಂದು ತಾಸು ನಿಜವಾಗಿಯೂ ಕಲಿಸಿದರು.

ರಾಯಬಾಗ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕೋಡಿ ಬಸ್ಸಿಗೆ ಕಾಯುತ್ತಿದ್ದೆವು. ಕಬ್ಬಿನ ಟ್ರ್ಯಾಕ್ಟರುಗಳು ಎದುರಿನ ರಸ್ತೆಯಲ್ಲಿ ಧೂಳೆಬ್ಬಿಸುತ್ತಾ ಹೋಗುತ್ತಿದ್ದವು. ಮಾಮಾ ಶೇಂಗಾ ಕೊಂಡು ಅರ್ಧ ನನ್ನ ಕೈಗೆ ಸುರಿದು, ಯಾವುದೋ ಸಾಮಾನ್ಯ ವಿಷಯ ಮಾತಾಡುವವರಂತೆ ಹೇಳಿದರು.

"ನಾ ಊಟಕ್ಕ ಹೋದಾಗ ನೀ ನನ್ನ ಕೆಲಸ ಬಿಚ್ಚಿ ನೋಡ್ತಿ ಹೌದಿಲ್ಲೋ?"

ಶೇಂಗಾ ಬಾಯಲ್ಲೇ ಉಳಿಯಿತು.

"ಸ್ಕ್ರೂದ ತಲಿಮ್ಯಾಗಿನ ಗೀರನ್ನ ನಾನು ಯಾವಾಗಲೂ ನಳಿಗಿಗೆ ನೆಟ್ಟಗ ನಿಲ್ಲಿಸ್ತೀನಿ. ಊಟಾ ಮಾಡಿ ಬಂದು ಬೆರಳಾಡಿಸಿದ್ರ ಅದು ಸ್ವಲ್ಪ ವಾರಿ ಇರತಿತ್ತು. ಜೂನದಿಂದ ಗೊತ್ತೈತಿ ನನಗ."

"ಮಾಮಾ, ನಿಮ್ಮ ಸಲುವಾಗೇ..." ಎಂದೆ.

"ಗೊತ್ತೈತೋ. ಅದಕ್ಕ ನಾನೂ ಸುಮ್ಮಿದ್ದೆ. ಎರಡು ಸಲ ಸ್ಕ್ರೂ ಸಡ್ಲ ಬಿಟ್ಟಿದ್ದೆ, ನೀ ಬಿಗಿ ಮಾಡಿದ್ದಿ. ಒಳ್ಳೇದ ಮಾಡಿದಿ. ಆದ್ರ ಒಂದ್ ಮಾತು ಕೇಳಬೇಕಿತ್ತು. 'ಮಾಮಾ, ಕಣ್ಣು ಕಾಣ್ತಾವೇನು' ಅಂತ ನೀ ಕೇಳಿದ್ರ, ಒಂದ್ ಕಾಣಂಗಿಲ್ಲೋ ಅಂತ ನಿನಗಾರೆ ಹೇಳಿ ಹಗುರ ಆಗ್ತಿದ್ದೆ. ಮನಿಯಾಗೂ ಹೇಳಿಲ್ಲ ನಾನು."

ಬಸ್ಸು ಬಂತು. ನಾನು ಅವರ ತೋಳು ಹಿಡಿದು ಮೆಟ್ಟಿಲು ಹತ್ತಿಸಿದೆ. ಅಲ್ಲಿಯವರೆಗೂ, ಅವರಿಗೆ ಬೇಸರವಾದೀತೆಂದು, ಹಾಗೆ ಹಿಡಿದಿರಲಿಲ್ಲ. ಅವರು ಕೈ ಬಿಡಿಸಿಕೊಳ್ಳಲಿಲ್ಲ.

ಮರುದಿನ ವರದಿಯ ಜೊತೆ ಮಾಮಾ ತಾವೇ ಸಾಹೇಬರ ಮುಂದೆ ನಿಂತು, "ಎಡಗಣ್ಣು ಕಾಣಂಗಿಲ್ರಿ. ಇಷ್ಟು ದಿನ ಹೇಳದ ಇದ್ದದ್ದು ನನ್ನ ತಪ್ಪು" ಎಂದು ಹೇಳಿಬಿಟ್ಟರು. ನಾನು ಗೇಟಿನ ಕುರ್ಚಿಯ ಚಿಂತೆಯಲ್ಲಿದ್ದೆ. ಸಾಹೇಬರು ವರದಿಯನ್ನು ಎರಡು ಸಲ ಓದಿ, ಕಣ್ಣಿನ ಆಪರೇಷನ್ನಿಗೆ ರಜೆ ಮಂಜೂರು ಮಾಡಿದರು. ಒಂದು ಷರತ್ತು ಹಾಕಿದರು: ಅವರು ಜೋಡಿಸಿದ ಪ್ರತಿ ರೈಫಲ್ಲನ್ನು ನಾನು ಪರೀಕ್ಷಿಸಬೇಕು, ರೈಫಲ್ಲಿನ ತಪಾಸಣೆ ಕಾರ್ಡಿನ ಮೇಲೆ ಇಬ್ಬರ ಸಹಿಯೂ ಇರಬೇಕು. ನಾಲ್ಕು ತಿಂಗಳು ನಾನು ಕಳ್ಳನಂತೆ ಮಾಡಿದ ಕೆಲಸವನ್ನು ಆಮೇಲಿನ ಏಳು ತಿಂಗಳು ಮಾಮಾನ ಎದುರಿಗೇ, ಅವರೊಂದಿಗೆ ಹರಟುತ್ತಾ ಮಾಡಿದೆ. ಮಿರಜಿನಿಂದ ಆಪರೇಷನ್ ಮುಗಿಸಿ ಬಂದ ದಿನ ಅವರು ನನ್ನ ಮುಖವನ್ನೇ ನೋಡುತ್ತಾ, "ನೀ ಇಷ್ಟ ಕರ್‍ರಗ ಅದಿಯೇನೋ" ಎಂದು ನಕ್ಕರು.

ಆಮೇಲೆ ಇಪ್ಪತ್ತೇಳು ವರ್ಷ ಈ ಕೆಲಸ ಮಾಡಿದೆ. ಕೆಟ್ಟ ಬಂದೂಕು ಬಂದರೆ ಮೊದಲು ಮೇಜಿನ ಮೇಲೆ ಹಾಕುತ್ತಿರಲಿಲ್ಲ. ಅದನ್ನು ತಂದವನನ್ನು ಕೂರಿಸಿ, ಚಹಾ ಕೊಟ್ಟು, ನಡುವೆ ಏನಾಯಿತೆಂದು ಕೇಳುತ್ತಿದ್ದೆ. ಅರ್ಧದಷ್ಟು ದೋಷಗಳು ಆ ಚಹಾದಲ್ಲೇ ಸಿಕ್ಕಿವೆ. ಮಾಮಾನನ್ನು ಮಾತ್ರ ನಾನು ಕೇಳಲೇ ಇಲ್ಲ. ಒಬ್ಬ ಮನುಷ್ಯ ತನ್ನ ಕತ್ತಲೆಯನ್ನು ಒಬ್ಬನೇ ಇಟ್ಟುಕೊಂಡು ನಾಲ್ಕು ತಿಂಗಳು ನನ್ನ ಪಕ್ಕದಲ್ಲೇ ಕೂತಿದ್ದ. ನಾನು ಕೇಳದೇ ಇದ್ದುದನ್ನು ಅವರು ಆ ಬಸ್ ಸ್ಟ್ಯಾಂಡಿನಲ್ಲೇ ಮರೆತರು. ನಾನು ಮರೆತಿಲ್ಲ.