ಅಜ್ಜಿಯ ಮೂರನೇ ಕಾರಣ

ಆಗಿನ್ನೂ ಹಾಡು ಕೇಳುವುದಕ್ಕೆ ಒಂದು ಜಾಗ ಅಂತ ಇರುತ್ತಿತ್ತು. ಕೆಲವರಿಗೆ ಅದು ಮನೆಯ ಟೇಪ್ ರೆಕಾರ್ಡರಿನ ಮುಂದೆ, ಕೆಲವರಿಗೆ ಅಣ್ಣನ ಕೋಣೆಯ ಬಾಗಿಲಿನ ಆಚೆ. ಕೊಲ್ಲಿ ದೇಶವೊಂದರ ಖೈತಾನ್ ಬಡಾವಣೆಯಲ್ಲಿದ್ದ ಒಂಬತ್ತು ಮಕ್ಕಳು ನಮಗೆ ಅದು ಹಮೀದ್ ಕಾಕಾನ ಶಾಲಾ ವ್ಯಾನು. ಬೆಳಿಗ್ಗೆ ಮುಕ್ಕಾಲು ಗಂಟೆ, ಮಧ್ಯಾಹ್ನ ಮುಕ್ಕಾಲು ಗಂಟೆ. ನಾನು ಸಂಗೀತದ ಬಗ್ಗೆ ಕಲಿತದ್ದೆಲ್ಲ ಆ ಒಂದೂವರೆ ಗಂಟೆಯಲ್ಲೇ.

ವ್ಯಾನು ಹಳೆಯದು. ಒಳಗೆ ಕಾಕಾನ ಅತ್ತರು, ಸೀಟಿನ ರೆಕ್ಸಿನ್, ಯಾರದೋ ಡಬ್ಬಿಯಿಂದ ಸೋರಿದ ಉಪ್ಪಿನಕಾಯಿ, ಎಲ್ಲ ಸೇರಿದ ಒಂದು ವಾಸನೆ. ಈಗಲೂ ಅತ್ತರಿನ ಅಂಗಡಿ ಹೊಕ್ಕರೆ ನನಗೆ ಉಪ್ಪಿನಕಾಯಿ ನೆನಪಾಗುತ್ತದೆ. ಹಮೀದ್ ಕಾಕಾ ಮಂಗಳೂರು ಸೀಮೆಯ ವಿಟ್ಲದ ಕಡೆಯ ಬ್ಯಾರಿ. ಅವರ ವ್ಯಾನಿಗೆ ಬರುತ್ತಿದ್ದವರೂ ಹೆಚ್ಚಾಗಿ ಆ ಕಡೆಯ ಮಕ್ಕಳೇ. ಧಾರವಾಡದವಳು ನಾನೊಬ್ಬಳು.

ಶುಕ್ರವಾರದ ಸಂತೆಯಲ್ಲಿ ಹಳೆಯ ಸಾಮಾನುಗಳ ನಡುವೆ ಕಾಕಾನಿಗೆ ಒಂದು ಕ್ಯಾಸೆಟ್ ಸಿಕ್ಕಿತ್ತು. ಮೇಲೆ ಹೆಸರಿಲ್ಲ, ಯಾರೋ ರೇಡಿಯೋದಿಂದ ಹಿಡಿದುಕೊಂಡದ್ದು. ಅದರಲ್ಲೊಬ್ಬ ಹೆಂಗಸು ಇಂಗ್ಲಿಷಿನಲ್ಲಿ 'ಸೋಲ್' ಎಂಬ, ಎದೆ ತುಂಬಿ ಹಾಡುವ ಬಗೆಯ ಹಾಡು ಹಾಡುತ್ತಿದ್ದಳು. ನಮಗೆ ಅವಳ ಹೆಸರು ಗೊತ್ತಿಲ್ಲದ್ದರಿಂದ 'ಬೆಳಗಿನ ಹೆಂಗಸು' ಎಂದು ಕರೆಯುತ್ತಿದ್ದೆವು. ಬೆಳಿಗ್ಗೆ ವ್ಯಾನಿನಲ್ಲಿ ಅವಳದೇ ಆಡಳಿತ. ಇಲ್ಲಿ ಆಗಸ್ಟಿನ ಸೆಕೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೂ ಬಿಸಿನೀರು ಬರುತ್ತದಲ್ಲ, ಅವಳ ದನಿ ಹಾಗಿತ್ತು. ಮೆಲ್ಲಗೆ ಶುರುವಾದರೂ ಒಳಗೆ ಸುಡುತ್ತಿತ್ತು.

ಮಧ್ಯಾಹ್ನದ ಆಡಳಿತ ನಫೀಸಾಳದು. ಅವಳು ನನ್ನ ತರಗತಿಯವಳು, ಗೆಳತಿ, ನಮ್ಮ ಕಟ್ಟಡದ ಕೆಳಗಿನ ಬಕಾಲಾದ, ಅಂದರೆ ದಿನಸಿ ಅಂಗಡಿಯ, ಯಜಮಾನರ ಮಗಳು. ಅವಳ ಅಣ್ಣನ ಹತ್ತಿರ ಎಂಪಿತ್ರೀ ಪ್ಲೇಯರ್ ಇತ್ತು. ಕ್ಯಾಸೆಟ್ಟಿನ ಆಕಾರದ ಅಡಾಪ್ಟರ್ ಒಂದನ್ನು ಟೇಪಿನೊಳಗೆ ತುರುಕಿ, ಅದರ ಬಾಲದ ತಂತಿಯನ್ನು ಪ್ಲೇಯರಿಗೆ ಸಿಕ್ಕಿಸಿದರೆ ವ್ಯಾನಿನ ತುಂಬ ರ‍್ಯಾಪ್. ಅದರಲ್ಲೊಬ್ಬ ನಮಗೆಲ್ಲ ಅಚ್ಚುಮೆಚ್ಚು. ಅವನು 'ಮಧ್ಯಾಹ್ನದವನು'. ಕೆಟ್ಟ ಮಾತಿರುವ ಹಾಡು ಬಂದರೆ ಕಾಕಾ ತಕ್ಷಣ ನಿಲ್ಲಿಸುತ್ತಿದ್ದರು.

"ನಿಮಗೆ ಇಂಗ್ಲಿಷ್ ಬರುದಿಲ್ಲ ಅಲ್ವಾ ಕಾಕಾ, ಹೇಗೆ ಗೊತ್ತಾಯ್ತು?" ಎಂದು ನಫೀಸಾ ಕೇಳಿದ್ದಳು.

"ಆ ಶಬ್ದ ನಂಗೆ ಗೊತ್ತುಂಟು. ನಾಲ್ಕು ವರ್ಷ ಸುಲೈಬಿಯಾದ ಗೋಡೌನಿನಲ್ಲಿ ಲಾರಿ ಬಿಟ್ಟವ ನಾನು. ಬೇರೆ ಹಾಡು ಹಾಕು."

ಕಾಕಾನದು ಒಂದೇ ಒಂದು ಕಾನೂನು. ವ್ಯಾನಿನಲ್ಲಿ ಯಾರೂ ಹಾಡನ್ನು ಬರೀ ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವ ಹಾಗಿಲ್ಲ. ಮೂರು ಕಾರಣ ಹೇಳಬೇಕು. ಅದೂ ಕನ್ನಡದಲ್ಲಿ ಹೇಳಬೇಕು, ಯಾಕೆಂದರೆ ತೀರ್ಪು ಕೊಡುವವರು ಕಾಕಾ, ಅವರಿಗೆ ಅರ್ಥವಾಗಬೇಕು. ಎರಡು ಕಾರಣಕ್ಕೆ ವೋಟಿಲ್ಲ. ಶುಕ್ರವಾರ ರಜೆ, ಹಾಗಾಗಿ ಗುರುವಾರ ಮಧ್ಯಾಹ್ನ ವೋಟಿನ ಎಣಿಕೆ. ಗೆದ್ದ ಹಾಡು ಮುಂದಿನ ವಾರದ ಮೊದಲ ಹಾಡು.

"ಎಂತ ಮಾರಾಯ್ತಿ, ಚಂದ ಉಂಟು ಅಂದ್ರೆ ಆಯ್ತಾ? ಬಿರಿಯಾನಿಗೂ ಚಂದ ಉಂಟು ಅಂತಿ, ಹಾಡಿಗೂ ಚಂದ ಉಂಟು ಅಂತಿ. ಕಾರಣ ಎಲ್ಲಿ?" ಎಂದು ಕನ್ನಡಿಯಲ್ಲೇ ನಮ್ಮನ್ನು ನೋಡಿ ಕೇಳುತ್ತಿದ್ದರು.

ಈಗ ನನ್ನ ಕಷ್ಟ ಹೇಳಬೇಕು. ನನಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ, ಹಾಗಾಗಿ ವ್ಯಾನಿನಲ್ಲಿ ವೋಟೂ ಇರಲಿಲ್ಲ. ಅಪ್ಪ ಕನ್ನಡದಲ್ಲಿ ಕೇಳಿದರೆ ನಾನು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದೆ. ಅಪ್ಪ ದೊಡ್ಡ ಕಟ್ಟಡಗಳ ಎಸಿ ರಿಪೇರಿ ಮಾಡುವ ಕಂಪನಿಯಲ್ಲಿ ಟೆಕ್ನಿಶಿಯನ್. ದಿನವಿಡೀ ಹಿಂದಿ, ಅರಬ್ಬಿ ಮಾತಾಡಿ ಬಂದ ಮೇಲೆ ಮನೆಯಲ್ಲಾದರೂ ಕನ್ನಡ ಕೇಳಬೇಕು ಅನ್ನುವ ಆಸೆ ಅವರಿಗೆ. ಶುಕ್ರವಾರ ಧಾರವಾಡಕ್ಕೆ ಫೋನು ಮಾಡಿದಾಗ ನಾನು ಅಜ್ಜಿಗೆ "ಹಲೋ ಅಜ್ಜಿ, ಐ ಆ್ಯಮ್ ಫೈನ್" ಎಂದು ಫೋನನ್ನು ಅಮ್ಮನ ಕೈಗೆ ಕೊಟ್ಟು ಓಡುತ್ತಿದ್ದೆ. ಒಂದು ಶುಕ್ರವಾರ ಅಜ್ಜಿ ಅಪ್ಪನಿಗೆ ಏನೋ ಹೇಳಿರಬೇಕು. ಫೋನಿಟ್ಟ ಅಪ್ಪ ಟಿವಿ ಆರಿಸಿದರು.

"ಸವಿ, ಇಲ್ಲಿ ಬಾ," ಎಂದರು. "ಅಜ್ಜಿ ಅಂತಾಳ, ನಿನ್ನ ಮಗಳು ನನ್ನ ಜೋಡಿ ಮಾತಾಡಂಗಿಲ್ಲ, ಫೋಟೋ ಕಳಸು ಸಾಕು ಅಂತ. ಕೇಳಿದ್ಯಾ? ಈ ಜೂನ್ ಸೂಟಿಗೆ ಊರಿಗೆ ಹೋಗೂ ತನಕ ನೋಡತೀನಿ. ಅಷ್ಟರಾಗ ಅಜ್ಜಿ ಜೋಡಿ ಸರಳ ಕನ್ನಡದಾಗ ಮಾತಾಡಬೇಕು. ಇಲ್ಲಾಂದ್ರ ಅಲ್ಲೇ ನಿಮ್ಮತ್ತಿ ಮನ್ಯಾಗ ಬಿಟ್ಟು, ಧಾರವಾಡದ ಸಾಲಿಗೆ ಹಾಕಿ ಬರತೀನಿ."

ಅಪ್ಪ ಸಿಟ್ಟಿನಲ್ಲಿ ಹೇಳಿದ್ದರೆ ನಾನು ಹೆದರುತ್ತಿರಲಿಲ್ಲ. ಮೆಲ್ಲಗೆ ಹೇಳಿದರು, ಅದಕ್ಕೇ ಹೆದರಿದೆ. ಧಾರವಾಡ ಕೆಟ್ಟ ಊರೇನಲ್ಲ. ಆದರೆ ಅಲ್ಲಿ ನಫೀಸಾ ಇರಲಿಲ್ಲ, ವ್ಯಾನು ಇರಲಿಲ್ಲ. ಶಾಲೆ ಬಿಟ್ಟ ಮೇಲೆ ಸಮೂನ್ ಬ್ರೆಡ್ಡಿನೊಳಗೆ ಚಿಪ್ಸ್ ತುಂಬಿ ಖಾರದ ಸಾಸ್ ಹಾಕಿಕೊಡುವ ಅಂಗಡಿ ಇರಲಿಲ್ಲ. ಆಗ ಫೆಬ್ರವರಿ. ಕೈಯಲ್ಲಿದ್ದದ್ದು ನಾಲ್ಕು ತಿಂಗಳು.

ಅಪ್ಪ ವರ್ಣಮಾಲೆಯ ಪುಸ್ತಕ ತರಿಸಿದರು. ಅದರಲ್ಲಿ ಅರಸ, ಆನೆ, ಇಲಿ ಇದ್ದವು. ಹನ್ನೊಂದು ವರ್ಷದವಳು ಇಲಿಯ ಬಗ್ಗೆ ಎಷ್ಟಂತ ಮಾತಾಡುತ್ತಾಳೆ? ಆದರೆ ಮಧ್ಯಾಹ್ನದವನ ಬಗ್ಗೆ ಮಾತಾಡಲು ನನಗೆ ಬೇಕಾದಷ್ಟಿತ್ತು, ಶಬ್ದ ಮಾತ್ರ ಇರಲಿಲ್ಲ. ಸಂಜೆ ಅಮ್ಮ ರೊಟ್ಟಿ ಬಡಿಯುವಾಗ ಹತ್ತಿರ ಹೋಗಿ ಕುಳಿತು ಕೇಳುತ್ತಿದ್ದೆ.

"ಅಮ್ಮ, ವಾಟ್ ಈಸ್ ರಿದಮ್ ಇನ್ ಕನ್ನಡ?"

"ತಾಳ."

"ಆ್ಯಂಡ್ ಬೋರಿಂಗ್?"

"ಬ್ಯಾಸರ. ಯಾಕ, ನನ್ನ ರೊಟ್ಟಿ ನೋಡಿದ್ರ ಬ್ಯಾಸರ ಆಗತೈತಿ?"

ಅಮ್ಮನಿಂದ ಶಬ್ದ ಕಡ ತಂದು ವ್ಯಾನಿನಲ್ಲಿ ಖರ್ಚು ಮಾಡುತ್ತಿದ್ದೆ. ವ್ಯಾನಿನಲ್ಲಿ ಅವಕ್ಕೆ ಬೇರೆ ಬಾಲ ಅಂಟುತ್ತಿತ್ತು, ಅದು ನನಗೆ ಗೊತ್ತಾಗುತ್ತಿರಲಿಲ್ಲ. ಮೊದಲ ವಾರ ಒಂದು ಕಾರಣ ಹೇಳಿ ನಾಲಿಗೆ ಸಿಕ್ಕಿಹಾಕಿಕೊಂಡಿತು. ಹಿಂದಿನ ಸೀಟಿನವರು ನಕ್ಕರು. ನಫೀಸಾ ನಗಲಿಲ್ಲ. "ಇವಳ ವೋಟು ಬೇಕು ನಮಗೆ. ನೀ ಹೇಳು, ನಾ ಸರಿ ಮಾಡ್ತೇನೆ," ಎಂದು ಪಕ್ಕದಲ್ಲಿ ಕುಳಿತು ಒಂದೊಂದು ಶಬ್ದ ಎತ್ತಿಕೊಟ್ಟಳು. ಅವಳಿಗೆ ನನ್ನ ಧಾರವಾಡದ ಚಿಂತೆಯೂ ಗೊತ್ತಿತ್ತು. ಬಿಡುವಿನಲ್ಲಿ ಅವಳ ಡಬ್ಬಿಯ ಅಕ್ಕಿರೊಟ್ಟಿ, ಅವರ ಮಾತಿನಲ್ಲಿ ಪತ್ತಿರಿ, ನನಗೆ, ನನ್ನ ರೊಟ್ಟಿ, ಶೇಂಗಾ ಚಟ್ನಿ ಅವಳಿಗೆ. ತಿನ್ನುತ್ತಲೇ ಜಗಳ. ಬೆಳಗಿನ ಹೆಂಗಸಿನ ಹಾಡು ಉದ್ದ ಆಯಿತೋ ಇಲ್ಲವೋ, ಮಧ್ಯಾಹ್ನದವನು ಹಾಡುತ್ತಾನೋ ಬರೀ ಮಾತಾಡುತ್ತಾನೋ. ಮಾರ್ಚಿನಲ್ಲಿ ನನಗೆ ಮೂರು ಕಾರಣ ಹೇಳಲು ಬಂತು. ಏಪ್ರಿಲಿನಲ್ಲಿ ಎದುರಿನವರ ಮೂರು ಕಾರಣ ಮುರಿಯಲು ಬಂತು. ಕಾಕಾ ಸ್ಟೇರಿಂಗ್ ತಟ್ಟಿ, "ಯಾ ಅಲ್ಲಾ, ಇವಳಿಗೆ ಬಾಯಿ ಬಂತು," ಎಂದರು. ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಮೇ ಕೊನೆಯ ಗುರುವಾರ ಆ ವರ್ಷದ ದೊಡ್ಡ ವೋಟು. ಬೆಳಗಿನ ಹೆಂಗಸಿನ ನಾಲ್ಕನೇ ಹಾಡೋ, ಮಧ್ಯಾಹ್ನದವನ ಗಲ್ಲಿಯ ಹಾಡೋ? ಅದೇ ದಿನ ಶಾಲೆಯಲ್ಲಿ ಪೋಷಕರ ಸಭೆ. ಅಪ್ಪನ ಕಾರು ಗ್ಯಾರೇಜಿನಲ್ಲಿದ್ದದ್ದರಿಂದ ಸಭೆ ಮುಗಿಸಿ ಅವರೂ ನಮ್ಮ ವ್ಯಾನಿಗೇ ಹತ್ತಿ ಮುಂದಿನ ಸೀಟಿನಲ್ಲಿ ಕುಳಿತರು. ಮನೆಯಲ್ಲಿ ನಾನಿನ್ನೂ ಕನ್ನಡಕ್ಕೆ ಬಾಯಿ ಬಿಟ್ಟಿರಲಿಲ್ಲ. ಅಪ್ಪನ ಮುಂದೆ ಹೇಗೆ ಮಾತಾಡುವುದು?

ರಿಂಗ್ ರೋಡಿನಲ್ಲಿ ಜಾಮ್. ಹೊರಗೆ ಧೂಳು, ಆಕಾಶ ಹಳದಿ. ಎಸಿ ಸದ್ದು ಮಾಡುತ್ತಿತ್ತು, ತಂಪು ಮಾಡುತ್ತಿರಲಿಲ್ಲ. ಆ ದಿನ ಒಬ್ಬನಿಗೆ ಜ್ವರ, ಹಾಗಾಗಿ ಎಂಟೇ ಮಂದಿ. ಏಳು ಮಂದಿ ಹೇಳಿ ಮುಗಿಯಿತು. ಹೆಂಗಸಿಗೆ ನಾಲ್ಕು, ಮಧ್ಯಾಹ್ನದವನಿಗೆ ಮೂರು. ಉಳಿದವಳು ನಾನು.

ನಫೀಸಾ ಮೊಣಕೈಯಿಂದ ತಿವಿದಳು. ನಾನು ಅಪ್ಪನ ಬೆನ್ನು ನೋಡುತ್ತಲೇ ಶುರುಮಾಡಿದೆ.

"ಒಂದು, ಅವ ತನ್ನ ಗಲ್ಲಿಯ ಹೆಸರು ಹೇಳ್ತಾನೆ. ಖೈತಾನಿನ ಹೆಸರು ಯಾವ ಹಾಡಿನಲ್ಲಿಯೂ ಇಲ್ಲ. ಯಾರಾದ್ರೂ ಹೇಳಿದ್ರೆ ನಮಗೆ ಎಷ್ಟು ಖುಷಿ ಆಗ್ತದೆ, ಅಲ್ವಾ? ಎರಡು, ಅವನ ಹತ್ರ ಇಲ್ಲದ್ದನ್ನು ಉಂಟು ಅಂತ ಹೇಳುದಿಲ್ಲ. ಮೂರು..." ನಫೀಸಾ ಮತ್ತೊಮ್ಮೆ ತಿವಿದಳು. "ಮೂರು, ಅವನಿಗೆ ಹೇಳ್ಲಿಕ್ಕೆ ತುಂಬ ಉಂಟು, ಟೈಮ್ ಕಮ್ಮಿ ಉಂಟು. ಅದಕ್ಕೇ ಅಷ್ಟು ಅವಸರ. ನಂಗೂ ಹಾಗೇ ಆಗಿದೆ. ಜೂನ್ ಬರ್ತಾ ಉಂಟು."

ಅಪ್ಪ ಹಿಂದೆ ತಿರುಗಿದರು. ಧಾರವಾಡದವರ ಮಗಳು ಅಪ್ಪಟ ಮಂಗಳೂರು ಕನ್ನಡ ಆಡುತ್ತಿದ್ದಳು. ನನಗಾಗಲೀ ನಫೀಸಾಳಿಗಾಗಲೀ ಅದು ಹೊಳೆದೇ ಇರಲಿಲ್ಲ. ಕನ್ನಡ ಅಂದರೆ ಕನ್ನಡ ಅಂದುಕೊಂಡಿದ್ದೆವು. ಅಪ್ಪನ ಮುಖದಲ್ಲಿ ಏನಿತ್ತೆಂದು ಆಗ ಗೊತ್ತಾಗಲಿಲ್ಲ. ನಗುವುದೋ ಏನು ಮಾಡುವುದೋ ಎಂದು ಅವರಿಗೂ ತಿಳಿದಿರಲಿಕ್ಕಿಲ್ಲ.

"ನಾಲ್ಕಕ್ಕೆ ನಾಲ್ಕು," ಎಂದರು ಕಾಕಾ. "ಈಗ ಎಂತ ಮಾಡುದು? ನಾನು ಜಡ್ಜ್, ನಂಗೆ ವೋಟಿಲ್ಲ. ನೀವು ಹಾಕಿ ಸಾರ್."

"ನನಗ ಹಾಡು ತಿಳಿಯಂಗಿಲ್ಲ ಹಮೀದ್ ಭಾಯಿ," ಎಂದರು ಅಪ್ಪ. ಆಮೇಲೆ ಜೇಬಿನಿಂದ ಮೊಬೈಲು ತೆಗೆದರು. "ಹಾಡು ತಿಳಿಯಾಕಿ ನಮ್ಮವ್ವ, ಅಕಿಗೆ ಫೋನ್ ಹಚ್ಚತೀನಿ."

ಸ್ಪೀಕರಿನಲ್ಲಿ ಅಜ್ಜಿಯ ದನಿ ಬಂತು. ಅಲ್ಲಿ ಆಗಷ್ಟೇ ಚಹಾ ಕುಡಿಯುವ ಹೊತ್ತು, ಕಪ್ಪು-ಬಸಿಯ ಸಪ್ಪಳವೂ ಕೇಳಿಸಿತು. ಅಪ್ಪ ಫೋನನ್ನು ನನ್ನ ಕಡೆ ಚಾಚಿದರು.

"ಅಜ್ಜಿ, ಎರಡು ಹಾಡು ಹಾಕ್ತೇವೆ. ಯಾವುದು ಚಂದ ಉಂಟು ಹೇಳ್ಬೇಕು. ಸುಮ್ಮನೆ ಚಂದ ಅಂದ್ರೆ ಆಗುದಿಲ್ಲ ಮಾರಾಯ್ರೆ, ಮೂರು ಕಾರಣ ಬೇಕು."

ಆ ಕಡೆ ಬಸಿ ಸಪ್ಪಳ ನಿಂತಿತು. "ಇದ್ಯಾರ ಮನಿ ಹುಡುಗಿ?" ಎಂದಳು ಅಜ್ಜಿ.

"ನಮ್ಮದೇ, ಅವ್ವಾ," ಎಂದರು ಅಪ್ಪ. "ಸವಿ."

ಅಜ್ಜಿ ನಕ್ಕಳು. ಕೆಮ್ಮು ಬರುವ ತನಕ ನಕ್ಕಳು. ಆಮೇಲೆ, "ಹಾಕ್ರಿ ಹಾಡು," ಎಂದಳು. ಎರಡೂ ಹಾಡು ಹಾಕಿದೆವು. ಎಂಟು ಮಕ್ಕಳೂ ಫೋನಿನ ಕಡೆ ಬಾಗಿದೆವು. ಹಿಂದಿನ ಗಾಡಿಯವನು ಹಾರ್ನ್ ಹೊಡೆದರೆ ಕಾಕಾ ಅವನಿಗೆ ಕೈ ಮುಗಿದು ತೋರಿಸಿದರು.

"ಹುಡುಗ ಶಾಣ್ಯಾ ಅದಾನ," ಎಂದಳು ಅಜ್ಜಿ. "ಆದ್ರ ಉಸಿರು ಯಾವಾಗ ತಗೋತಾನ? ನನಗ ಆ ಹೆಣಮಗಳೇ ಸೇರಿದ್ಲು. ಒಂದು, ಅಕಿ ಅವಸರ ಮಾಡಂಗಿಲ್ಲ. ಎರಡು, ದುಃಖ ಐತಿ, ಆದ್ರ ಯಾರ ಮುಂದೂ ಕೈ ಒಡ್ಡಂಗಿಲ್ಲ."

"ಮೂರು?" ಎಂದರು ಕಾಕಾ, ಸ್ಟೇರಿಂಗ್ ಬಿಟ್ಟು ಹಿಂದಕ್ಕೆ ಬಾಗಿ.

"ಮೂರನೇದ್ದು ಫೋನಿನ್ಯಾಗ ಹೇಳೂದಲ್ಲ. ಸವಿ ಬಂದಾಗ ಅಕಿಗೆ ಹೇಳತೀನಿ."

"ಅವ್ವಾ, ಹೆಂಗಿದ್ರೂ ಜೂನಿನ್ಯಾಗ ಅಕಿನ್ನ ಅಲ್ಲೇ ಸಾಲಿಗೆ..." ಎಂದರು ಅಪ್ಪ.

"ಸಾಲಿಗ್ಯಾಕ? ಮಾತಾಡಾಕ ಬರಂಗಿಲ್ಲ ಅಂದಿದ್ದಿ. ಮತ್ತ ಇಷ್ಟೊತ್ತು ನನ್ನ ಜೋಡಿ ಯಾರು ಮಾತಾಡಿದ್ರು? ಸೂಟಿಗೆ ಬರಲಿ, ಉಂಡು ತಿಂದು ವಾಪಸ್ ಹೋಗಲಿ. ಸುಮ್ಮಸುಮ್ಮನ ಹುಡುಗೀನ್ನ ಅಂಜಸಬ್ಯಾಡ."

ವ್ಯಾನಿನಲ್ಲಿ ಗಲಾಟೆಯೋ ಗಲಾಟೆ. ನಫೀಸಾ ನನ್ನ ಕುತ್ತಿಗೆಗೇ ಜೋತುಬಿದ್ದಳು. ಅಪ್ಪ ಮುಂದಕ್ಕೆ ತಿರುಗಿ ಕನ್ನಡಕ ಒರೆಸಿಕೊಂಡರು, ಧೂಳು ಜಾಸ್ತಿ ಎಂದರು. ಗಲಾಟೆ ಇಳಿದ ಮೇಲೆ ಕಾಕಾ ತೀರ್ಪು ಹೇಳಿದರು. "ಎರಡು ಕಾರಣಕ್ಕೆ ವೋಟಿಲ್ಲ. ಅಜ್ಜಿಗೂ ಅದೇ ಕಾನೂನು. ಅಜ್ಜಿಯ ವೋಟು ಪೆಂಡಿಂಗ್. ಸವಿ ಊರಿಂದ ಮೂರನೆಯದ್ದು ತರ್ಲಿ, ಆಮೇಲೆ ನೋಡುವ."

ಜೂನಿನಲ್ಲಿ ಊರಿಗೆ ಹೋದೆ. ಅಜ್ಜಿಯ ಜೊತೆ ಬಾಯಿ ತುಂಬ ಮಾತಾಡಿದೆ. ನನ್ನ 'ಉಂಟು' ಕೇಳಿದಾಗಲೆಲ್ಲ ಅವಳು ಓಣಿಯವರನ್ನು ಕರೆದು ಕೇಳಿಸುತ್ತಿದ್ದಳು. ಆದರೆ ಮೂರನೇ ಕಾರಣ ನಾನು ಕೇಳಲಿಲ್ಲ. ಮರೆತದ್ದಲ್ಲ, ಬೇಕೆಂದೇ ಕೇಳಲಿಲ್ಲ. ಕೇಳಿದರೆ ಅಜ್ಜಿಯ ವೋಟು ಹೆಂಗಸಿಗೆ ಬೀಳುತ್ತಿತ್ತು, ನಾವು ಸೋಲುತ್ತಿದ್ದೆವು. ಒಂದು ದಿನ ನನ್ನ ತಲೆ ಬಾಚುತ್ತ ಅಜ್ಜಿಯೇ, "ಸವಿ, ಆ ಹೆಣಮಗಳ ಹಾಡಿಂದು ಹೇಳತೀನಂದಿದ್ನಲ್ಲಾ," ಎಂದು ಶುರುಮಾಡಿದಳು. ನಾನು ಜಡೆ ಬಿಡಿಸಿಕೊಂಡು, ಅಂಗಳದಲ್ಲಿ ಆಡುತ್ತಿದ್ದ ಅತ್ತೆಯ ಮಕ್ಕಳ ಕಡೆ ಓಡಿದೆ. ನಾಳೆ ಹೇಳಲಿ ಬಿಡು ಅಂದುಕೊಂಡೆ. ಮುಂದಿನ ಸೂಟಿಗೆ ಅಜ್ಜಿ ಇರಲಿಲ್ಲ.

ಈಗ ನಾನು ಇದೇ ದೇಶದ ಸಾಲ್ಮಿಯಾದಲ್ಲಿದ್ದೇನೆ, ಕಿಟಕಿಯಿಂದ ಸಮುದ್ರ ಕಾಣುತ್ತದೆ. ನಫೀಸಾ ಮದುವೆಯಾಗಿ ಬೇರೆ ದೇಶಕ್ಕೆ ಹೋದಳು. ಒಳ್ಳೆಯ ಹಾಡು ಸಿಕ್ಕರೆ ಕಳಿಸುತ್ತಾಳೆ, ನಾನೊಂದು ಕೆಂಪು ಹೃದಯ ಒತ್ತುತ್ತೇನೆ. ನಾನು ಕಳಿಸಿದರೆ ಅವಳೂ ಅಷ್ಟೇ. ಯಾಕೆ ಒಳ್ಳೆಯದು ಎಂದು ಅವಳು ಹೇಳುವುದಿಲ್ಲ, ನಾನು ಕೇಳುವುದಿಲ್ಲ. ಬೆಳಗಿನ ಹೆಂಗಸು ಯಾರೆಂದು ಹುಡುಕಲು ನೆನಪಿದ್ದಷ್ಟನ್ನು ಫೋನಿನ ಮುಂದೆ ಗುನುಗಿ ನೋಡಿದೆ. ಫೋನಿಗೆ ಗೊತ್ತಾಗಲಿಲ್ಲ.

ಹೋದ ತಿಂಗಳು ನಫೀಸಾಳಿಂದ ನಂಬರ್ ತೆಗೆದುಕೊಂಡು ವಿಟ್ಲಕ್ಕೆ ಫೋನು ಮಾಡಿದೆ. ಹಮೀದ್ ಕಾಕಾ ವ್ಯಾನು ಮಾರಿ ಊರು ಸೇರಿ ಬಹಳ ಕಾಲವಾಯಿತು. ಕಿವಿ ಸ್ವಲ್ಪ ಮಂದವಂತೆ. ಕ್ಯಾಸೆಟ್ ಕಪಾಟಿನಲ್ಲಿ ಹಾಗೇ ಇದೆಯಂತೆ, ಹಾಕುವುದಕ್ಕೆ ಟೇಪಿಲ್ಲವಂತೆ. ಎರಡು ಸಲ ಜೋರಾಗಿ ಹೇಳಿದ ಮೇಲೆ ನನ್ನ ಗುರುತು ಸಿಕ್ಕಿತು. ಮಕ್ಕಳೆಷ್ಟು, ಕೆಲಸ ಎಲ್ಲಿ, ಏನೂ ಕೇಳಲಿಲ್ಲ.

"ಸವಿಯಾ? ಅಜ್ಜಿಯ ಮೂರನೇ ಕಾರಣ ಬಂತಾ?"

"ಇಲ್ಲ ಕಾಕಾ," ಎಂದೆ. "ನಾನು ಕೇಳ್ಲೇ ಇಲ್ಲ."

ಕಾಕಾ ಹಿಂದೆ ವ್ಯಾನಿನ ಕನ್ನಡಿಯಲ್ಲಿ ನೋಡಿ ಹೇಳುತ್ತಿದ್ದ ಅದೇ ದನಿಯಲ್ಲಿ ಅಂದರು:

"ಹಾಗಾದ್ರೆ ಇನ್ನೂ ನಾಲ್ಕಕ್ಕೆ ನಾಲ್ಕೇ."