ಗುರುಸಿದ್ದ ಒಪ್ಪಿದ ಅರ್ಥಶಾಸ್ತ್ರ

ಮಚ್ಛೆ ಎಂಬ ಊರಿನ ಕಾರ್ಖಾನೆಗಳ ಹಿಂಬದಿಗೆ ನಮ್ಮ ಎಂಜಿನಿಯರಿಂಗ್ ಕಾಲೇಜು. ಇಲ್ಲಿಂದ ವರ್ಷಕ್ಕೆ ಎಂಟು ಹತ್ತು ವಿದ್ಯಾರ್ಥಿಗಳು ವಿನಿಮಯ ಯೋಜನೆಯಲ್ಲಿ ಒಂದು ಸೆಮಿಸ್ಟರ್ ಓದಲು ಪೋಲೆಂಡಿಗೋ ಫಿನ್ಲೆಂಡಿಗೋ ಹೋಗಿ ಬರುತ್ತಾರೆ. ಅಲ್ಲಿ ಓದುವ ವಿಷಯ ಇಲ್ಲಿಯ ಯಾವ ವಿಷಯಕ್ಕೆ ಸಮ ಎಂದು ಹೊಂದಿಸಿ ಕಾಗದ ಮಾಡುವವರು ಒಬ್ಬರೇ ಇದ್ದರು, ಗುಮಾಸ್ತ ಗುರುಸಿದ್ದ. ಊರು ನಂದಗಡ. ಕುರಿ ಕಾಯುವ ಮನೆತನದಲ್ಲಿ ಮೊದಲು ಪಗಾರ ತಂದವರು. ಓದಿದ್ದು ಬಿ.ಎ., ತಿರುಗಾಡಿದ್ದು ಹೆಚ್ಚೆಂದರೆ ಗೋವಾದವರೆಗೆ. ಆದರೆ ಹನ್ನೊಂದು ವಿದೇಶಿ ವಿಶ್ವವಿದ್ಯಾಲಯಗಳ ಪಠ್ಯಕ್ರಮ ಅವರಿಗೆ ಮುಖೋದ್ಗತವಾಗಿತ್ತು. ಯಾವ ದೇಶದಲ್ಲಿ ಪರೀಕ್ಷೆಯಲ್ಲಿ ಒಂದು ಅಂಕ ಬಂದರೆ ಮೇಲು, ಯಾವ ದೇಶದಲ್ಲಿ ಐದು ಬಂದರೆ ಮೇಲು ಎಂಬುದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು.

ನಾನು ಅದೇ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಬಸಲಿಂಗಪ್ಪ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮಾಸ್ತರನೆಂದರೆ ಎಲೆಯ ಮೇಲಿನ ಉಪ್ಪಿನಕಾಯಿ. ಬೇಕು, ಆದರೆ ಅದಕ್ಕಾಗಿ ಯಾರೂ ಊಟಕ್ಕೆ ಬರುವುದಿಲ್ಲ. ಹೀಗಾಗಿ ನನ್ನ ವಿಷಯದ ಮಾತು ಬಂದಾಗ ನಾನು ಸ್ವಲ್ಪ ಬಿಗಿಯಾಗಿಯೇ ಇರುತ್ತೇನೆ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

ಗುರುಸಿದ್ದ ಅವರು ಕೆಲಸ ಮಾಡುವ ರೀತಿಯೇ ಬೇರೆ. ನಮ್ಮ ಪಠ್ಯಕ್ರಮ, ಅವರ ಪಠ್ಯಕ್ರಮ ಎರಡನ್ನೂ ಪ್ರಿಂಟ್ ತೆಗೆದು ಮೇಜಿನ ಮೇಲೆ ಅಕ್ಕಪಕ್ಕ ಹಾಸುತ್ತಿದ್ದರು. ಇಲ್ಲಿಯ ಒಂದು ಸಾಲು, ಅಲ್ಲಿಯ ಒಂದು ಸಾಲು ಒಂದೇ ಎನಿಸಿದರೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು ಕೂಡಿಸುತ್ತಿದ್ದರು. ನೂರಕ್ಕೆ ಎಪ್ಪತ್ತು ಪಾಲು ಕೂಡಿದರೆ ವಿಷಯ ಸಮ. ತಿಳಿಯದ್ದು ಬಂದರೆ ನಾಚಿಕೆಯಿಲ್ಲ, ವರ್ಕ್‌ಶಾಪಿಗೆ ಹೋಗಿ ಎರಕ ಹೊಯ್ಯುವವರನ್ನೇ ಕೇಳಿಬರುತ್ತಿದ್ದರು. ಬರೀ ಹೆಸರು ನೋಡಿ ಒಪ್ಪಿದ್ದನ್ನು ನಾನು ಕಾಣೆ.

“ಹೆಸರಿಗೆ ಮರುಳಾಗಬಾರದ್ರಿ ಸರ್,” ಎನ್ನುತ್ತಿದ್ದರು. “ಎರಡು ಹಿಂಡು ಕಲತಾಗ ಬಣ್ಣ ನೋಡಿ ನಂದು ಅಂತ ಹಿಡೀತಾರೇನು? ಕಿವಿ ಕೊಯ್ದಿದ್ದ ಗುರುತು ನೋಡತಾರ.”

ಇಂಥ ಮನುಷ್ಯ ಒಂದೇ ಒಂದು ಸಲ ಗುರುತು ನೋಡದೆ ಹಿಡಿದರು. ಅದು ನನ್ನ ಕಣ್ಣೆದುರಿಗೇ ನಡೆಯಿತು.

ಹೋದ ವರ್ಷ ಆಗಸ್ಟ್. ಖಾನಾಪುರದ ಸಾಕ್ಷಿ ಎಂಬ ಮೆಕ್ಯಾನಿಕಲ್ ಹುಡುಗಿ ಪೋಲೆಂಡಿಗೆ ಹೊರಟಿದ್ದಳು. ತಂದೆ ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುವವರು. ಬೆಂಕಿ, ಮಣ್ಣು, ಅಚ್ಚು ಎಂದರೆ ಹುಡುಗಿಗೆ ಹುಟ್ಟಿದಾಗಿನಿಂದ ಸಲಿಗೆ. ಅವಳು ಆರಿಸಿದ್ದು ಲೋಹದ ಎರಕದ ಮೇಲೆ ಮೂರು ವಿಷಯ, ಜೊತೆಗೆ ಒಂದು ಅರ್ಥಶಾಸ್ತ್ರ. ಅರ್ಥಶಾಸ್ತ್ರ ಇಲ್ಲಿ ಎಲ್ಲರಿಗೂ ಕಡ್ಡಾಯ. ಅಲ್ಲಿ ಓದಿಬಂದರೆ ಇಲ್ಲಿ ಬರೆಯಬೇಕಾಗಿಲ್ಲ, ಆದರೆ ಎರಡೂ ಸಮ ಇರಬೇಕು. ಕಾಗದ ಆ ಸಂಜೆಯೊಳಗೆ ಪೋಲೆಂಡಿಗೆ ಹೋಗಬೇಕಿತ್ತು. ಎರಕದ ಮೂರಕ್ಕೂ ಕೆಂಪು ಗೆರೆಗಳು ಬಿದ್ದಿದ್ದವು. ನಾನು ಅವರ ಕೋಣೆಗೆ ಹೋದಾಗ ಗುರುಸಿದ್ದ ನಾಲ್ಕನೆಯದನ್ನು ಓದುತ್ತ ಕುಳಿತಿದ್ದರು, ಪೆನ್ಸಿಲು ಕಿವಿಯ ಮೇಲೆಯೇ ಇತ್ತು.

“ಸರ್, ಇಲ್ಲಿ ನೋಡ್ರಿ. ಊರ ಹುಲ್ಲುಗಾವಲು, ಕುರುಬರು, ಕುರಿ. ಒಬ್ಬೊಬ್ಬನೂ ಒಂದೊಂದು ಕುರಿ ಹೆಚ್ಚಿಗೆ ಬಿಟ್ರ ಹುಲ್ಲು ಏನಾಗತೈತಿ, ಊರವರು ಕೂಡಿ ಹೆಂಗ ಕಟ್ಟಳಿ ಮಾಡಬೇಕು. ಇದನ್ನ ಅಲ್ಲಿ ಕಾಲೇಜಿನಾಗ ಕಲಸ್ತಾರ್ರಿ.”

ಅವರ ಮುಖ ನೋಡಬೇಕಿತ್ತು. ನಂದಗಡದ ಗಾಯರಾಣದಲ್ಲಿ, ಅಂದರೆ ಊರ ಹುಲ್ಲುಗಾವಲಿನಲ್ಲಿ, ಮೊದಲ ಮಳೆ ಬಿದ್ದು ಇಷ್ಟು ದಿನದವರೆಗೆ ಯಾರೂ ಹಿಂಡು ಇಳಿಸಬಾರದು ಎಂದು ಹಿರಿಯರು ಕಟ್ಟು ಮಾಡುತ್ತಿದ್ದರಂತೆ. ಯಾರ ಹಿಂಡು ಯಾವ ಕಡೆ ಎಂದು ಹೇಳುವವರು ಇವರ ಅಪ್ಪ. ಕಟ್ಟು ಮುರಿದವನ ಮನೆಗೆ ಆ ವರ್ಷ ಯಾರೂ ಉಣ್ಣೆ ಕತ್ತರಿಸಲು ಹೋಗುತ್ತಿರಲಿಲ್ಲ. ಒಬ್ಬನೇ ಎಷ್ಟು ಕುರಿ ಕತ್ತರಿಸಿಯಾನು? ಮರುವರ್ಷ ತಾನಾಗಿ ದಾರಿಗೆ ಬರುತ್ತಿದ್ದ. ಇದನ್ನೆಲ್ಲ ಅವರು ನನಗೆ ಒಂದೇ ಉಸಿರಿನಲ್ಲಿ ಹೇಳಿದರು. ನನಗೆ ಚಹದ ಹೊತ್ತು ಮೀರುತ್ತಿತ್ತು.

“ಇದೂ ಅರ್ಥಶಾಸ್ತ್ರನ ಅಲ್ಲೇನ್ರಿ ಸರ್?” ಎಂದು ಕೇಳಿದರು.

“ಅದೂ ಅರ್ಥಶಾಸ್ತ್ರನ ತಗೋರಿ,” ಎಂದೆ, ಏಳುತ್ತ. ನನ್ನ ವಿಷಯದಲ್ಲಿರುವುದು ಬಡ್ಡಿ, ಯಂತ್ರದ ಸವಕಳಿ, ಕಾರ್ಖಾನೆ ಹಾಕಿದರೆ ಎಂದಿಗೆ ಲಾಭಕ್ಕೆ ಬರುತ್ತದೆ ಎಂಬ ಲೆಕ್ಕ. ಕುರಿಯ ಕಥೆ ಅದಕ್ಕೆ ಸಮವಲ್ಲ ಎಂದು ಇನ್ನೊಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಅಷ್ಟರಲ್ಲಿ ಡೀನ್ ಗಂಗಾದೇವಿ ಮೇಡಂ ಅವರ ಫೋನು. ಮಗಳ ಹೆರಿಗೆಗೆಂದು ಹುಬ್ಬಳ್ಳಿಯಲ್ಲಿದ್ದರು. ಗುರುಸಿದ್ದ ಅವರ ಫೋನಿನ ಕಿವಿ ಕೆಟ್ಟಿತ್ತು, ಯಾವಾಗಲೂ ಸ್ಪೀಕರ್ ಹಾಕಿಯೇ ಮಾತು. ಬಾಗಿಲಲ್ಲಿದ್ದ ನನಗೆ ಎಲ್ಲವೂ ಕೇಳಿಸಿತು.

“ಮೇಡಂ, ಸಾಕ್ಷಿದು ಇವತ್ತ ಹೋಗಬೇಕ್ರಿ. ನಿಮ್ಮ ಸಹಿ ಒಂದ ಬಾಕಿ.”

“ನೀವ ಹಾಕಿಬಿಡ್ರಿ ನನ್ನ ಸಹಿ. ನಾ ಬಂದ ಮ್ಯಾಲೆ ನೋಡತೀನಿ.”

‘ಪರವಾಗಿ’ ಎಂದು ಬರೆದು ತಮ್ಮ ಸಹಿ ಹಾಕುವುದು ಕಚೇರಿಯ ಪದ್ಧತಿ. ಆದರೆ ಹಿಂದಿನ ವರ್ಷ ಹಾಗೆ ಹಾಕಿದ್ದ ಕಾಗದವನ್ನು ಪೋಲೆಂಡಿನವರು ‘ಇದು ಯಾರ ಸಹಿ’ ಎಂದು ಕೇಳಿ ತಿರುಗಿ ಕಳಿಸಿದ್ದರು. ಹುಡುಗನೊಬ್ಬನ ವೀಸಾಕ್ಕೆ ಮೂರು ವಾರ ತಡವಾಗಿತ್ತು. ಅದನ್ನು ನೆನೆದು ಗುರುಸಿದ್ದ ಮೇಡಂ ಸಹಿಯನ್ನೇ ನೋಡಿಕೊಂಡು ಬರೆದು ಸೀಲು ಒತ್ತಿದರು. ಮೇಡಂ ಬಂದ ಮೇಲೆ ಅದನ್ನು ತೆಗೆದು ನೋಡಿದ್ದೂ ಇಲ್ಲ.

ಸಾಕ್ಷಿ ಹೋದಳು, ಐದು ತಿಂಗಳು ಚಳಿಯಲ್ಲಿ ಓದಿದಳು, ಚಲೋ ಅಂಕ ತಂದಳು. ಕೊನೆಯ ಸೆಮಿಸ್ಟರಿನಲ್ಲಿ ಮಚ್ಛೆಯದೇ ಒಂದು ಎರಕದ ಕಾರ್ಖಾನೆಯವರು ಅವಳನ್ನು ಆರಿಸಿಕೊಂಡರು. ಹೆಣ್ಣುಮಗಳನ್ನು ಅವರು ಕುಲುಮೆಯ ಕಡೆ ತೆಗೆದುಕೊಂಡದ್ದು ಅದೇ ಮೊದಲು. ಒಂದೇ ಷರತ್ತು, ಜುಲೈ ಒಂದರೊಳಗೆ ಪದವಿಯ ತಾತ್ಕಾಲಿಕ ಪ್ರಮಾಣಪತ್ರ ತಂದು ತೋರಿಸಬೇಕು.

ಜೂನ್ ಹದಿನೇಳಕ್ಕೆ ಅಂಕ ಒಪ್ಪುವ ಸಮಿತಿ ಕೂತಿತು. ಪ್ರಿನ್ಸಿಪಾಲರು, ಗಂಗಾದೇವಿ ಮೇಡಂ, ವಿಭಾಗಗಳ ಮುಖ್ಯಸ್ಥರು, ಅರ್ಥಶಾಸ್ತ್ರಕ್ಕೆ ನಾನು. ಎರಕದ ವಿಷಯಗಳು ಸರಾಗವಾಗಿ ಹೋದವು. ನಾಲ್ಕನೆಯದು ನನ್ನ ಮುಂದೆ ಬಂತು. ತೆಗೆದು ನೋಡಿದರೆ ಒಂದೇ ಒಂದು ಕೆಂಪು ಗೆರೆ ಇಲ್ಲ, ಬರೀ ‘ಸಮ’ ಎಂಬ ಟಿಪ್ಪಣಿ. ಆಗಸ್ಟಿನ ಮಾತು ನನಗೆ ಆಗ ನೆನಪಾಗಲಿಲ್ಲ ಎಂದರೆ ನಂಬಿರಿ. ನನಗೆ ಸಿಟ್ಟು ಬಂತು. ಇಪ್ಪತ್ತು ವರ್ಷ ಕಲಿಸಿದ ವಿಷಯವನ್ನು ಯಾರೋ ಕುರಿಗೆ ಸಮ ಮಾಡಿದ್ದರು.

“ಇದು ಸಮ ಅಲ್ರಿ. ಸವಕಳಿ ಇಲ್ಲ, ಬಡ್ಡಿ ಇಲ್ಲ. ಹುಡುಗಿ ಇಲ್ಲಿಯ ಪರೀಕ್ಷೆ ಬರೀಬೇಕು,” ಎಂದೆ.

ಇಲ್ಲಿಯ ಪರೀಕ್ಷೆ ಎಂದರೆ ಡಿಸೆಂಬರ್. ಅಲ್ಲಿಗೆ ಕೆಲಸ ಹೋಯಿತು. ಹೊರಗೆ ಬೆಂಚಿನ ಮೇಲೆ ಸಾಕ್ಷಿಯೂ ಅವಳ ತಂದೆಯೂ ಕುಳಿತಿದ್ದರು. ಅರ್ಥಶಾಸ್ತ್ರದ ಅಂಕ ಒಪ್ಪುವುದು ಕಷ್ಟ ಎಂದು ಕಚೇರಿಯಲ್ಲಿ ಯಾರೋ ಮೊದಲೇ ಸುಳಿವು ಕೊಟ್ಟಿದ್ದರು. ಬಾಗಿಲು ತೆರೆದಾಗಲೆಲ್ಲ ಆ ತಂದೆ ಎದ್ದು ನಿಲ್ಲುತ್ತಿದ್ದರು.

ಪ್ರಿನ್ಸಿಪಾಲರು ನಿಯಮದ ಪುಸ್ತಕ ತಿರುವಿದರು. ಹೊರಡುವ ಮುಂಚೆ ಕಾಲೇಜು ಒಪ್ಪಿದ್ದನ್ನು ವಿದ್ಯಾರ್ಥಿ ಮರಳಿದ ಮೇಲೆ ನಷ್ಟವಾಗುವಂತೆ ಬದಲಿಸಬಾರದು ಎಂದಿತ್ತು. “ಡೀನ್ ಸಹಿ ಐತಲ್ಲ, ಮುಗೀತು,” ಎಂದು ಕಾಗದವನ್ನು ಮೇಡಂ ಕಡೆ ಸರಿಸಿದರು.

ಮೇಡಂ ಕನ್ನಡಕ ಏರಿಸಿ ನೋಡಿದರು. “ಇದು ನನ್ನ ಸಹಿ ಅಲ್ಲ,” ಎಂದರು.

ಕೋಣೆಯ ಗಾಳಿಯೇ ಬದಲಾಯಿತು. ಸಹಿ ಖೋಟಾ ಎಂದರೆ ಮಾಡಿದವರು ಯಾರು, ಲಾಭ ಯಾರಿಗೆ? ಎಲ್ಲರ ಕಣ್ಣು ಬಾಗಿಲ ಕಡೆ, ಬೆಂಚಿನ ಕಡೆ ಹೋಯಿತು. ಹುಡುಗಿಯೇ ಮಾಡಿದ್ದಾಳೆ ಎಂದಾದರೆ ಕೆಲಸವಷ್ಟೇ ಅಲ್ಲ, ಪದವಿಯೂ ಹೋಗುತ್ತದೆ. ನನಗೆ ಆಗ ಥಟ್ಟನೆ ಆಗಸ್ಟ್ ನೆನಪಾಯಿತು. ಕುರಿಯೂ ನೆನಪಾಯಿತು, ಸ್ಪೀಕರಿನಲ್ಲಿ ಬಂದ ದನಿಯೂ ನೆನಪಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ನೀರಿನ ಗ್ಲಾಸು ಮುಟ್ಟಿಕೊಂಡೆ.

ಫೈಲುಗಳನ್ನು ಹಿಡಿದು ಗೋಡೆಯ ಬದಿಗೆ ನಿಂತಿದ್ದ ಗುರುಸಿದ್ದ ಒಂದು ಹೆಜ್ಜೆ ಮುಂದೆ ಬಂದರು.

“ಸಹಿ ನಾ ಮಾಡೀನ್ರಿ. ಸಾಕ್ಷಿಗೆ ಇದು ಗೊತ್ತಿಲ್ಲ. ಸೀಲ ಬಿದ್ದ ಕಾಗದ ಕೊಟ್ಟೆ, ಆಕಿ ತಗೊಂಡ ಹೋದ್ಲು.”

“ವಿಷಯ ಸಮ ಅಂತ ಬರದವರು ಯಾರು?” ಪ್ರಿನ್ಸಿಪಾಲರು ಕೇಳಿದರು.

“ಅದೂ ನಾನರಿ.”

“ಒಂದ ಗೆರಿನೂ ಎಳದಿಲ್ಲ. ಯಾಕ?”

ಗುರುಸಿದ್ದ ಫೈಲಿನ ದಾರ ಸರಿಮಾಡಿದರು. “ಕುರಿ ಕಂಡ್ವರಿ. ಓದಕೋತ ಕುಂತ ಬಿಟ್ಟೆ. ಗೆರಿ ಎಳಿಯೂದು ಮರತೆ.”

ಯಾರೋ ನಕ್ಕರು. ಪ್ರಿನ್ಸಿಪಾಲರು ನಗಲಿಲ್ಲ. “ಮೇಡಂಗ ಒಂದ ಮಾತು ಕೇಳಿದ್ರೇನು ಸಹಿ ಮಾಡೋ ಮುಂದ?”

ಮೇಡಂ ಮೇಜು ನೋಡುತ್ತಿದ್ದರು. ಅವರಿಗೆ ನೆನಪಿತ್ತೋ, ನಿಜವಾಗಿ ಮರೆತಿದ್ದರೋ, ನನಗೆ ಈಗಲೂ ಹೇಳಲಾಗದು. ಆ ಫೋನು ಬಂದದ್ದು ಮೊಮ್ಮಗಳು ಹುಟ್ಟಿದ ದಿನ, ಮರೆತಿದ್ದರೆ ಆಶ್ಚರ್ಯವೂ ಇಲ್ಲ. ಗುರುಸಿದ್ದ ಅವರ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ.

“ಇಲ್ರಿ,” ಎಂದರು.

ಬಾಯಿ ತೆರೆಯಬೇಕಾದವನು ನಾನು. ‘ಹೌದು, ಕೇಳಿದ್ದರು, ನಾನು ಬಾಗಿಲಲ್ಲಿ ನಿಂತಿದ್ದೆ’ ಎನ್ನಲು ಎಷ್ಟು ಉಸಿರು ಬೇಕು? ಆದರೆ ಹಾಗೆ ಹೇಳಿದರೆ ‘ಅದೂ ಅರ್ಥಶಾಸ್ತ್ರನ ತಗೋರಿ’ ಎಂದವನೂ ಹೊರಬೀಳುತ್ತಿದ್ದ. ಮೇಡಂ ವಿರೋಧ ಕಟ್ಟಿಕೊಳ್ಳಬೇಕಿತ್ತು. ಬೆಕ್ಕಿಗೆ ಗಂಟೆ ಕಟ್ಟುವುದು ಬೇರೆ ಯಾರಾದರೂ ಮಾಡಲಿ ಎಂದು ಸುಮ್ಮನೆ ಕುಳಿತೆ. ನಾಚಿಕೆಯಾಯಿತು, ಆದರೂ ಸುಮ್ಮನೆ ಕುಳಿತೆ.

ತೀರ್ಮಾನಕ್ಕೆ ಮತ್ತೆ ಹತ್ತು ನಿಮಿಷ ಸಾಕಾಯಿತು. ಸೀಲು ಕಾಲೇಜಿನದು, ಬರೆದವನು ಕಾಲೇಜಿನ ಮನುಷ್ಯ, ತಾನು ಮಾಡಿದ್ದೆಂದು ಒಪ್ಪಿಯೂ ಇದ್ದಾನೆ. ತಪ್ಪು ಕಾಲೇಜಿನದು, ಹುಡುಗಿಯದಲ್ಲ. ಅವಳ ಅರ್ಥಶಾಸ್ತ್ರ ಒಪ್ಪಿತವಾಯಿತು. ನಾನೂ ಕೈ ಎತ್ತಿದೆ. ಗುರುಸಿದ್ದ ಅವರಿಗೆ ಮೇಡಂ ಸಹಿಯಿಂದಲೇ ಮೆಮೊ ಹೋಯಿತು. ಅವರು ‘ತಪ್ಪಾಗಿದೆ’ ಎಂದು ಒಂದೇ ಸಾಲಿನ ಉತ್ತರ ಬರೆದುಕೊಟ್ಟರು. ಎರಡು ವರ್ಷದ ವೇತನ ಬಡ್ತಿ ತಡೆದು ಅವರನ್ನು ಹಾಸ್ಟೆಲಿನ ಸಾಮಾನು ಕೋಣೆಗೆ ಹಾಕಿದರು. ಜುಲೈ ಒಂದಕ್ಕೆ ಸಾಕ್ಷಿ ಕೆಲಸಕ್ಕೆ ಸೇರಿದಳು.

ಅವಳು ಮೊದಲ ವಾರದಲ್ಲೇ ಸಾಮಾನು ಕೋಣೆಗೆ ಬಂದು ಹೋದಳಂತೆ. “ಸರ್, ನೀವು ಸುಮ್ಮನಿದ್ರೂ ನಡೀತಿತ್ತಲ್ರಿ,” ಎಂದಳಂತೆ. “ಐದ ತಿಂಗಳು ಅಲ್ಲಿದ್ದು ಓದಿ ಬಂದೀದಿ ತಂಗಿ. ಓದೇ ಇಲ್ಲ ಅನ್ನಾಕ ಬರತದೇನು?” ಎಂದು ಇವರು ಕೇಳಿದರಂತೆ. ಇದನ್ನು ನನಗೆ ಹೇಳಿದವಳು ಸಾಕ್ಷಿಯೇ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ. ನಾನು ಸಮಿತಿಯಲ್ಲಿ ಏನು ಹೇಳಿದ್ದೆ ಎಂಬುದು ಅವಳಿಗೆ ತಿಳಿದಿರಲಿಲ್ಲ, ನನ್ನ ಚೀಲ ಹಿಡಿದುಕೊಂಡು ಸೀಟು ಕೊಡಿಸಿದಳು.

ನನಗೆ ಅಲ್ಲಿಗೆ ಹೋಗಲು ಗಣೇಶ ಚೌತಿ ಮುಗಿಯಬೇಕಾಯಿತು. ಗುರುಸಿದ್ದ ಹೊಸ ವಿದ್ಯಾರ್ಥಿಗಳಿಗೆಂದು ಬಂದ ಚಾದರಗಳನ್ನು ಮಡಚಿ ಇಡುತ್ತಿದ್ದರು. “ಬರ್ರಿ ಸರ್, ಕುಂದರ್ರಿ,” ಎಂದು ಸ್ಟೂಲು ಒರೆಸಿಕೊಟ್ಟರು. ಮಳೆ ಬಗ್ಗೆ ಮಾತಾಡಿದೆವು, ಅವರ ತಾಯಿ ಭೀಮಕ್ಕನ ಮೊಣಕಾಲು ನೋವಿನ ಬಗ್ಗೆ ಮಾತಾಡಿದೆವು. ಹೊಸ ಗುಮಾಸ್ತ ಸುಮಿತ ದಿನಕ್ಕೆ ನಾಲ್ಕು ಸಲ ಫೋನು ಮಾಡಿ ವಿಷಯ ಹೊಂದಿಸುವುದನ್ನು ಕೇಳುತ್ತಾನೆ, ತಾನು ಹೇಳಿಕೊಡುತ್ತೇನೆ ಎಂದರು. ನನಗೆ ತಡೆಯಲಾಗಲಿಲ್ಲ.

“ಗುರುಸಿದ್ದಣ್ಣ, ಮೇಡಂ ಫೋನಿನ್ಯಾಗ ಹೇಳಿದ್ರಲ್ಲ, ಸಹಿ ಹಾಕ್ರಿ ಅಂತ. ಅವತ್ತ ಅದನ್ನ ಯಾಕ ಹೇಳಲಿಲ್ಲ?”

ಅವರು ಚಾದರದ ಅಂಚು ಕೂಡಿಸುತ್ತಲೇ ಹೇಳಿದರು. “ಒಬ್ಬನ ತಪ್ಪಾದ್ರ ಅಲ್ಲೇ ಮುಗೀತೈತ್ರಿ. ಇಬ್ಬರದಾದ್ರ ಚೌಕಶಿ, ವಿಚಾರಣಿ ಅಂತಾರ, ಆಡಳಿತ ಮಂಡಳಿಗೆ ಹೋಗತೈತಿ. ಅವರ ಸಭಾ ಇರೂದು ದಸರಾಕ್ಕ. ಆ ಹುಡುಗಿಗೆ ಇದ್ದದ್ದು ಹದಿನಾಕ ದಿನ.”

ಅವರು ಮಡಚಿದ್ದನ್ನು ಕಪಾಟಿನಲ್ಲಿ ಇಟ್ಟು ಬಂದು ನನ್ನೆದುರು ಕುಳಿತರು.

“ನನಗ ಇದ್ದದ್ದು ನಿಮ್ಮದೊಂದ ಅಂಜಿಕಿ ನೋಡ್ರಿ ಸರ್. ನೀವು ಬಾಗಿಲದಾಗ ಇದ್ರಿ, ಎಲ್ಲಾ ಕೇಳಿದ್ರಿ. ಖರೇ ಮಾತು ಎಲ್ಲಿ ಹೇಳಿಬಿಡ್ತಾರೋ ಅಂತ ನಿಮ್ಮ ಕಡೆ ನೋಡಲಿಲ್ಲ. ನೀವೂ ನನ್ನಂಗ ವಿಚಾರ ಮಾಡಿ ಬಾಯಿ ಕಟ್ಟಿ ಕುಂತ್ರಿ. ಭಾಳ ಉಪಕಾರ ಆತ್ರಿ.”

ಅವರು ಕುಹಕವಾಡುತ್ತಿರಲಿಲ್ಲ. ಮುಖ ದಿಟ್ಟಿಸಿ ನೋಡಿದೆ, ಅಂಥದೇನೂ ಇರಲಿಲ್ಲ. ನಾನು ಹೆದರಿ ಸುಮ್ಮನಿದ್ದೆ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಸಿಗುವುದಿಲ್ಲ ಎಂಬುದೂ ಗೊತ್ತಿತ್ತು.

“ಇರಲಿ ಬಿಡ್ರಿ,” ಎಂದೆ.