ಸಲಾಯಿನ್ ತೆಗೆಸಿದ ದಿನ

ನಮ್ಮ ಕಡೆ ಆಸ್ಪತ್ರೆಗೆ ನೋಡಲು ಬಂದವರು ಮೊದಲು ರೋಗಿಯ ಮುಖ ನೋಡುವುದಿಲ್ಲ, ತಲೆಯ ಮೇಲೆ ತೂಗುವ ಬಾಟಲಿ ನೋಡುತ್ತಾರೆ. ಸಲಾಯಿನ್ ಹನಿಯುತ್ತಿದ್ದರೆ ಸಮಾಧಾನ. ಇಲ್ಲದಿದ್ದರೆ ಡಾಕ್ಟರು ಕೈಬಿಟ್ಟರು ಎಂದೇ ಅರ್ಥ. ಈ ಬುದ್ಧಿವಂತಿಕೆಯಲ್ಲೇ ನಾನು ಗಂಡನನ್ನು ಕಳೆದುಕೊಂಡೆ.

ಹೋದ ವರ್ಷ ಅವರಿಗೆ ಕರುಳಿನ ಆಪರೇಷನ್ ಆಗಿತ್ತು. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ನಳಿಗೆ ಹಾಕಿ ಔಷಧ, ಸಲಾಯಿನ್ ಕೊಡುತ್ತಿದ್ದರು. ಚೇತರಿಸಿಕೊಂಡು ಗಂಜಿ ಕುಡಿಯತೊಡಗಿದಾಗ ನಳಿಗೆ ತೆಗೆಯಲು ಸಿಸ್ಟರ್ ಬಂದರು. ಅತ್ತೆ ಸೆರಗೊಡ್ಡಿ ಬೇಡಿಕೊಂಡರು.

"ನನ್ನ ಮಗಗ ಇನ್ನೂ ಶಕ್ತಿ ಬಂದಿಲ್ರಿ. ನಾಕ ದಿನ ಇರ್ಲಿ, ಪುಣ್ಯಾ ಬರ್ತೈತಿ ನಿಮಗ."

ಅಳುವ ಮುದುಕಿಯ ಜೊತೆ ವಾದ ಯಾರಿಗೆ ಬೇಕು? ನಳಿಗೆ ಉಳಿಯಿತು. ಆಮೇಲೆ ಮೈ ನಡುಗಿಸುವ ಜ್ವರ ಬಂತು, ಯಾವ ಇಂಜೆಕ್ಷನ್ನಿಗೂ ಬಗ್ಗಲಿಲ್ಲ. ರೊಟ್ಟಿಗೆ ಹಿಡಿಯುವ ಬೂಷ್ಟಿನ ಜಾತಿಯದೇ ಒಂದು, ನಳಿಗೆ ಹಿಡಿದು ರಕ್ತಕ್ಕೆ ಇಳಿದಿದೆ ಎಂದು ಡಾಕ್ಟರು ನನ್ನೊಬ್ಬಳನ್ನೇ ಕರೆದು ಹೇಳಿದರು. ಕೆಲಸ ಮುಗಿದ ನಳಿಗೆಯನ್ನು ಒಂದು ದಿನವೂ ಹೆಚ್ಚಿಗೆ ಇಡಬಾರದಂತೆ. ಇದನ್ನು ಅತ್ತೆ ಸೆರಗೊಡ್ಡಿದ ದಿನವೇ ಹೇಳಲು ಅವರ ಬಾಯಿಗೆ ಏನಾಗಿತ್ತೋ. ಗಂಡ ಉಳಿಯಲಿಲ್ಲ.

ಅತ್ತೆಗೆ ನಾನು ಕಾರಣ ಹೇಳಲಿಲ್ಲ. ಮಗನನ್ನು ಮಣ್ಣು ಮಾಡಿದ ತಾಯಿಗೆ ಏನಂತ ಹೇಳಲಿ? ಬಿಸಿತುಪ್ಪದ ಪಾಡು, ನುಂಗಲೂ ಆಗದು, ಉಗುಳಲೂ ಆಗದು. ಹಾಗೇ ವರ್ಷ ಕಳೆದೆ.

ಈ ವರ್ಷ ಅತ್ತೆಗೇ ಹೊಟ್ಟೆಯಲ್ಲಿ ಕೀವಾಗಿ ಚಿಕ್ಕೋಡಿಯ ಆಸ್ಪತ್ರೆಗೆ ಸೇರಿಸಬೇಕಾಯಿತು. ಅವರ ಕುತ್ತಿಗೆಗೂ ಅಂಥದ್ದೇ ನಳಿಗೆ ಬಂತು. ನಾನು ಕಾವಲು ಕೂತೆ. ಅದನ್ನು ಮುಟ್ಟುವವರಿಗೆಲ್ಲ ಕೈ ತೊಳೆಯಿರಿ ಎಂದು ಹೇಳಿ ಹೇಳಿ ಜಗಳಗಂಟಿ ಎನಿಸಿಕೊಂಡೆ. ದಿನಾ ಬೆಳಿಗ್ಗೆ ಡಾಕ್ಟರಿಗೆ ಒಂದೇ ಪ್ರಶ್ನೆ: "ಇದು ಇವತ್ತೂ ಬೇಕೇನ್ರಿ?" ಅತ್ತೆ ಇಡ್ಲಿ ತಿನ್ನತೊಡಗಿದ ಮೇಲೆ ಒಂದು ದಿನ ಡಾಕ್ಟರು, "ಬ್ಯಾಡ, ತಗಿಯೂಣು," ಎಂದರು.

ಅದೇ ಹೊತ್ತಿಗೆ ಭೋಜ ಊರಿನಿಂದ ಅತ್ತೆಯ ತಮ್ಮ ಬಂದಿದ್ದರು. ವಾರ್ಡಿಗೆಲ್ಲ ಕೇಳುವಂತೆ ಅಂದರು: "ಅಕ್ಕನ ಸಲಾಯಿನ್ ಯಾಕ ತಗಸಾಕತ್ತಿ? ಗಂಡ ಹ್ವಾದ, ಈಗ ಅತ್ತಿನೂ ಭಾರ ಆದಳೇನ ನಿನಗ?"

ಕಪಾಳಕ್ಕೆ ಬಾರಿಸಬೇಕು ಎನಿಸಿತು. ಅಷ್ಟರಲ್ಲಿ ಅತ್ತೆಯೂ ನಳಿಗೆಯನ್ನು ಕೈಯಿಂದ ಮುಚ್ಚಿಕೊಂಡು ಸಿಸ್ಟರಿಗೆ ಬೇಡ ಎಂದು ತಲೆ ಆಡಿಸಿದರು.

"ಕೈ ತಗೀರಿ ಅತ್ತಿ," ಎಂದೆ. "ಅದರಾಗಿಂದ ಬೂಷ್ಟ ರಕ್ತಕ್ಕ ಇಳೀತೈತಿ. ಬ್ಯಾಡಾದ ಮ್ಯಾಲ ಇಡಬಾರದು."

ಅಷ್ಟೇ ಹೇಳಬೇಕೆಂದಿದ್ದೆ. ಅತ್ತೆ ನನ್ನ ಮುಖವನ್ನೇ ನೋಡಿದರು.

"ನನ್ನ ಮಗಗೂ ಇದರಾಗಿಂದನ ಬಂತೇನ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೌದು ಎಂದೆ. ಅತ್ತೆ ಕೈ ತೆಗೆದರು. ಸಿಸ್ಟರ್ ನಳಿಗೆ ಎಳೆದು, ಆ ಜಾಗಕ್ಕೆ ಪಟ್ಟಿ ಒತ್ತಿ ಹಿಡಿದರು. ತಮ್ಮ ಮತ್ತೇನೋ ಅನ್ನಲು ಹೋದರೆ, "ಸುಮ್ನಿರು ನೀ," ಎಂದರು ಅತ್ತೆ.

ನಮ್ಮೂರು ಅಲಖನೂರಿನ ಮನೆಗೆ ಬಂದ ಮೇಲೆ ಅತ್ತೆಗೆ ಜ್ವರ ಬರಲಿಲ್ಲ, ಗಾಯವೂ ಮಾಯಿತು. ಊರವರು ನನ್ನನ್ನು ಹೊಗಳಿದರು, ನನಗೂ ಹೆಮ್ಮೆಯಿತ್ತು. ಒಂದು ಮುಂಜಾನೆ ನಾನು ರೊಟ್ಟಿ ಬಡಿಯುವಾಗ ಅತ್ತೆ ಬಂದು ಒಲೆಯ ಪಕ್ಕ ಕೂತರು. ಕಟ್ಟಿಗೆಯನ್ನು ಒಲೆಯೊಳಗೆ ನೂಕುತ್ತ ಅಂದರು:

"ನನ್ನ ಕೊಳ್ಳಾಗಿನ ನಳಿಗಿನೂ ಹಂಗ ಬಿಡಬೇಕಾಗಿತ್ತ ನೀ."